ಏಳೂವರೆ ಲಕ್ಷದ ದೇಶ, ಮುನ್ನೂರರ ನಾಡು

ಸರದಿಯ ಮೇಲೆ ಆಡುವ ಕಂಪ್ಯೂಟರ್ ಯುದ್ಧತಂತ್ರದ ಆಟಗಳಲ್ಲಿ ಒಂದೇ ಊರಿನಿಂದ ರಾಜ್ಯ ಕಟ್ಟಲು ಹೊರಟವನಿಗಿಂತ, ಮೊದಲ ಸರದಿಯಲ್ಲೇ ದೊಡ್ಡ ಸಾಮ್ರಾಜ್ಯ ಕೈಗೆ ಬಂದವನ ಪಾಡು ಕಷ್ಟದ್ದು. 2015ರ ‘ಟೋಟಲ್ ವಾರ್: ಅಟಿಲಾ’ದಲ್ಲಿ ಪಶ್ಚಿಮ ರೋಮ್ ಆರಿಸಿಕೊಂಡವನಿಗೆ ಅರ್ಧ ಯುರೋಪು ಸಿಗುತ್ತದೆ, ಜೊತೆಗೆ ಬಡ ಬೊಕ್ಕಸ ಮತ್ತು ಎಲ್ಲ ಗಡಿಗಳಲ್ಲೂ ಶತ್ರುಗಳು. 2005ರ ‘ಸಿವಿಲೈಜೇಶನ್’ ನಾಲ್ಕನೆಯ ಆವೃತ್ತಿಯಲ್ಲಿ ಊರೊಂದರ ನಿರ್ವಹಣೆಯ ಖರ್ಚು ರಾಜಧಾನಿಯಿಂದ ಅದು ಇರುವ ದೂರಕ್ಕೂ ಒಟ್ಟು ಊರುಗಳ ಸಂಖ್ಯೆಗೂ ತಕ್ಕಂತೆ ಏರುತ್ತದೆ. ಹಾಗಾಗಿ ನುರಿತ ಆಟಗಾರರು ಹಿಡಿಯುವ ದಾರಿ ಒಂದೇ: ದೂರದ್ದನ್ನು ಬಿಟ್ಟುಕೊಡು, ನಡುವಿನದನ್ನು ಭದ್ರಮಾಡು. ಈ ದಾರಿಯ ಅರ್ಧ ಭಾಗ ಮಾತ್ರ ಸರಿ ಎಂದು ತೋರಿಸಲು ಧಾರವಾಡ ಜಿಲ್ಲೆಯ ಅಣ್ಣಿಗೇರಿ ಸಾಕು. 12ನೆಯ ಶತಮಾನದ ಕೊನೆಗೆ ಕಲ್ಯಾಣದ ಚಾಲುಕ್ಯರ ಸಾಮ್ರಾಜ್ಯ ಕುಗ್ಗುತ್ತ ಬಂದು ನಿಂತದ್ದು ಇಲ್ಲಿ. ಆ ವಂಶದ ಇನ್ನೂರು ವರ್ಷಗಳ ಆಳ್ವಿಕೆಯನ್ನು ಶಾಸನಗಳ ಬೆಳಕಿನಲ್ಲಿ ನೋಡಿದರೆ, ದೊಡ್ಡ ರಾಜ್ಯಕ್ಕೆ ಅಪಾಯ ಬರುವುದು ದೂರದ ಅಂಚಿನಿಂದಲ್ಲ, ಅರಮನೆಯ ಬಗಲಿನಿಂದ ಎಂಬುದು ನನ್ನ ವಾದ.

ಆ ರಾಜ್ಯಕ್ಕೆ ಶಾಸನಗಳು ಕೊಡುವ ಅಳತೆ ಏಳೂವರೆ ಲಕ್ಷ. ಒಳಗಿನ ನಾಡುಗಳಿಗೂ ಒಂದೊಂದು ಸಂಖ್ಯೆಯಿತ್ತು: ಬನವಾಸಿ-12000, ಹಲಸಿಗೆ-12000, ಕುಂಡಿ-3000, ತರ್ದವಾಡಿ-1000, ಬೆಳ್ವೊಲ-300, ಪುಲಿಗೆರೆ-300. ಇವು ಹಳ್ಳಿಗಳ ಎಣಿಕೆಯೋ ಹುಟ್ಟುವಳಿಯ ಅಂದಾಜೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದೇನೇ ಇರಲಿ, ಈ ಪಟ್ಟಿಯಲ್ಲಿ ಬೆಳ್ವೊಲ ತೀರ ಚಿಕ್ಕದು. ಇಂದಿನ ಅಣ್ಣಿಗೇರಿ, ನವಲಗುಂದ, ಗದಗ ಸುತ್ತಲಿನ ಎರಿ ಭೂಮಿಯೇ ಅದು. ಹಿಂಗಾರಿ ಜೋಳಕ್ಕೂ ಹತ್ತಿಗೂ ಹೇಳಿಮಾಡಿಸಿದ ನೆಲ. ಕುಂದಗೋಳದಿಂದ ಆಚೆಗೆ, ಲಕ್ಷ್ಮೇಶ್ವರದ ಸುತ್ತ ಪುಲಿಗೆರೆ. ಎರಡನ್ನೂ ಕೂಡಿಸಿ ‘ಎರಡರುನೂರು’ ಎಂದು ಶಾಸನಗಳು ಕರೆಯುತ್ತವೆ, ಹೆಚ್ಚಾಗಿ ಒಬ್ಬನ ಕೈಗೇ ಕೊಡುತ್ತವೆ. ಕಲಘಟಗಿ ಕಡೆಯ ಮಲೆನಾಡಿನ ಸೆರಗಿಗೆ ಬಂದರೆ ಚಿತ್ರ ಬೇರೆ. ಅದು ಹಲಸಿಗೆಯ ಕಡೆ, ಗೋವೆಯ ಕದಂಬರ ಪ್ರಭಾವದ ಸೀಮೆ. ಧಾರವಾಡದ ಪಕ್ಕದ ನರೇಂದ್ರದ 1125ರ ಶಾಸನದಲ್ಲಿ ಆ ನಾಡನ್ನು ಆಳುತ್ತಿರುವವನು ಕದಂಬ ಜಯಕೇಶಿ. ಅವನ ರಾಣಿ ಮೈಲಲದೇವಿ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳು.

ಈಗಿನ ಒಂದೇ ಜಿಲ್ಲೆಯೊಳಗೆ ಹೀಗೆ ಎರಡು ಬಗೆಯ ಆಡಳಿತ ಕಾಣುತ್ತದೆ. ಪಡುವಣದ ಹಲಸಿಗೆ ತಂದೆಯಿಂದ ಮಗನಿಗೆ ಹೋಗುವ ಸಾಮಂತ ಮನೆತನದ್ದು. ಸವದತ್ತಿಯ ರಟ್ಟರು, ಹಾನಗಲ್ಲಿನ ಕದಂಬರು, ಯಲಬುರ್ಗಿಯ ಸಿಂದರು ಕೂಡ ಅದೇ ಸಾಲಿನವರು. ಮೂಡಣದ ಬೆಳ್ವೊಲದಲ್ಲಿ ಹಾಗಲ್ಲ. ಅಲ್ಲಿ ಅಧಿಕಾರಿಗಳು ಬದಲಾಗುತ್ತಲೇ ಇರುತ್ತಾರೆ. ಒಂದನೆಯ ಸೋಮೇಶ್ವರನ ಕಾಲದಲ್ಲಿ ಎರಡರುನೂರನ್ನು ನೋಡಿಕೊಂಡವನು ಮುಂದೆ ಪಟ್ಟಕ್ಕೇರಿದ ಮಗ ಎರಡನೆಯ ಸೋಮೇಶ್ವರ. ಆ ಮಗ ಪಟ್ಟಕ್ಕೆ ಬಂದಾಗ ಇಲ್ಲಿಗೆ ಲಕ್ಷ್ಮರಸ. ವಿಕ್ರಮಾದಿತ್ಯನ ಕಾಲದಲ್ಲಿ ಮೊದಲು ತಮ್ಮ ಜಯಸಿಂಹ, ಹತ್ತಾರು ವರ್ಷ ಕಳೆದ ಮೇಲೆ ದಂಡನಾಯಕ ಅನಂತಪಾಲ. ಯಾವ ಮನೆತನವೂ ಇಲ್ಲಿ ಬೇರು ಬಿಡಲಿಲ್ಲ. ಬಿಡಲು ಬಿಡಲಿಲ್ಲ ಎನ್ನುವುದೇ ಸರಿಯೇನೋ. ಹೊಲದ ಹುಟ್ಟುವಳಿ ನೆಚ್ಚಿಗೆಯದಾಗಿದ್ದ ನಾಡನ್ನು ಚಕ್ರವರ್ತಿ ತನ್ನವರ ಕೈಯಲ್ಲೇ ಇಟ್ಟುಕೊಂಡ. ದಾರಿ ದೂರವಿದ್ದು ಕಾಡು, ಘಟ್ಟ ಅಡ್ಡಬಂದ ನಾಡನ್ನು ಅಲ್ಲೇ ಬೇರೂರಿದವರಿಗೆ ಬಿಟ್ಟು, ಮದುವೆಯ ಸಂಬಂಧದಿಂದ ಕಟ್ಟಿಹಾಕಿದ. ಇಲ್ಲಿ ಆಟಗಾರರ ಲೆಕ್ಕದಿಂದ ಮುಖ್ಯವಾದ ಒಂದು ವ್ಯತ್ಯಾಸವಿದೆ. ಚಾಲುಕ್ಯರು ದೂರದ್ದನ್ನು ಬಿಟ್ಟುಕೊಡಲಿಲ್ಲ, ಅದರ ಖರ್ಚನ್ನು ಮಾತ್ರ ಬೇರೆಯವರ ತಲೆಗೆ ಹಾಕಿದರು. ಅಷ್ಟಾದರೂ ಸುಂಕದ ಹಿಡಿತ ಸಡಿಲಿಸಲಿಲ್ಲ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳಿಗೆ ಬೇರೆಯೇ ಅಧಿಕಾರಿಗಳಿದ್ದರು. ಅನಂತಪಾಲನ ಕೈಯಲ್ಲಿ ಇಡೀ ಏಳೂವರೆ ಲಕ್ಷದ ‘ಅಚ್ಚುಪನ್ನಾಯ’ ಎಂಬ ತೆರಿಗೆಯೇ ಇತ್ತು. ಬೆಳ್ವೊಲವನ್ನು ಆಳುವವನೂ ದೇಶದ ಆದಾಯವನ್ನು ನೋಡುವವನೂ ಒಬ್ಬನೇ ಆಗಿದ್ದುದು ಆಕಸ್ಮಿಕ ಎಂದು ನನಗನ್ನಿಸುವುದಿಲ್ಲ.

ಈ ನಾಡಿಗೆ ಪೆಟ್ಟು ಬಿದ್ದಾಗ ಏನಾಯಿತು ಎಂಬುದನ್ನು ಗಾವರವಾಡ ಮತ್ತು ಅಣ್ಣಿಗೇರಿಯ 1071-72ರ ಶಾಸನಗಳು ಹತ್ತಿರದಿಂದ ತೋರಿಸುತ್ತವೆ. ಗಂಗ ಪೆರ್ಮಾಡಿ ಅಣ್ಣಿಗೇರಿಯಲ್ಲಿ ಕಟ್ಟಿಸಿದ ಬಸದಿಯೊಂದಿತ್ತು. ಚೋಳರ ದಂಡು ಬೆಳ್ವೊಲಕ್ಕೆ ನುಗ್ಗಿ ಬಸದಿಗಳನ್ನು ಸುಟ್ಟಿತು. ಆ ಚೋಳ ಕೊನೆಗೆ ಕಾಳಗದಲ್ಲಿ ಆಹವಮಲ್ಲನಿಗೆ, ಅಂದರೆ ಒಂದನೆಯ ಸೋಮೇಶ್ವರನಿಗೆ, ತಲೆ ಒಪ್ಪಿಸಿದ ಎಂದು ಶಾಸನ ಹೇಳುತ್ತದೆ. 1054ರ ಕೊಪ್ಪಂ ಯುದ್ಧದಲ್ಲಿ ರಾಜಾಧಿರಾಜ ಚೋಳ ಸತ್ತ ಸಂಗತಿಯದು. ಯುದ್ಧ ಗೆದ್ದು ಹದಿನೇಳು ವರ್ಷದ ಮೇಲೆ, ಲಕ್ಷ್ಮರಸನ ಆಡಳಿತದಲ್ಲಿ, ಬಸದಿಯ ಜೀರ್ಣೋದ್ಧಾರವಾಗಿ ದತ್ತಿ ಮತ್ತೆ ಊರ್ಜಿತವಾಯಿತು. ಆಟದಲ್ಲಿ ಸುಟ್ಟ ಕಟ್ಟಡವನ್ನು ಎರಡು ಸರದಿಯಲ್ಲಿ ಸರಿಪಡಿಸಬಹುದು. ಇಲ್ಲಿ ಅದಕ್ಕೆ ಒಂದು ತಲೆಮಾರೇ ಹಿಡಿಯಿತು, ಅದೂ ಚಕ್ರವರ್ತಿಯ ಕಣ್ಣಳತೆಯ ನಾಡಿನಲ್ಲಿ. ಅದೇ ಶತಮಾನದ ನಡುವಿಗೆ ಅಣ್ಣಿಗೇರಿಯಲ್ಲಿ ಎದ್ದ, ಎಪ್ಪತ್ತಾರು ಕಂಬಗಳ ಅಮೃತೇಶ್ವರ ದೇವಾಲಯ ಈ ನೆಲದ ಹುಟ್ಟುವಳಿಗೆ ಇನ್ನೊಂದು ಸಾಕ್ಷಿ.

ನನ್ನ ವಾದಕ್ಕೆ ಮೊದಲ ಆಕ್ಷೇಪ ಯಾರಿಗಾದರೂ ಹೊಳೆಯುವಂಥದ್ದು. ಸಾಮಂತರಿಗೆ ಅಷ್ಟೆಲ್ಲ ಬಿಟ್ಟುಕೊಟ್ಟದ್ದರಿಂದಲೇ ಅಲ್ಲವೇ ಸಾಮ್ರಾಜ್ಯ ಒಡೆದದ್ದು? ಹೊಯ್ಸಳರೂ ಸೇವುಣರೂ ಚಾಲುಕ್ಯರ ಸಾಮಂತರೇ ತಾನೆ? ನಿಜ. ಹೊಯ್ಸಳ ವಿಷ್ಣುವರ್ಧನ ವಿಕ್ರಮಾದಿತ್ಯನ ವಿರುದ್ಧ ತಿರುಗಿಬಿದ್ದದ್ದೂ ನಿಜ. ಆದರೆ ಅವನನ್ನು ಹಿಂದಕ್ಕಟ್ಟಿದವನು ಇನ್ನೊಬ್ಬ ಸಾಮಂತ, ಯಲಬುರ್ಗಿಯ ಸಿಂದ ಆಚುಗಿ. ಒಬ್ಬನನ್ನು ಇನ್ನೊಬ್ಬನಿಂದ ತಡೆಯುವ ಈ ಏರ್ಪಾಟು ನಡುವಿನ ಶಕ್ತಿ ಗಟ್ಟಿಯಿರುವವರೆಗೆ ನಡೆಯಿತು. ಅದನ್ನು ಮುರಿದವರು ಯಾರು ಎಂದು ನೋಡಿ. 1082ರ ಸುಮಾರಿಗೆ ದಂಗೆಯೆದ್ದವನು ಬನವಾಸಿಯ ಜೊತೆಗೆ ಎರಡರುನೂರೂ ಕೈಯಲ್ಲಿದ್ದ ಸ್ವಂತ ತಮ್ಮ ಜಯಸಿಂಹ. 1157ರ ಹೊತ್ತಿಗೆ ಮೂರನೆಯ ತೈಲನನ್ನು ಮೂಲೆಗೊತ್ತಿ ಅಧಿಕಾರ ಹಿಡಿದವನು ಭೀಮೆಯ ದಂಡೆಯ ತರ್ದವಾಡಿ ಸೀಮೆಯಲ್ಲಿ ಬೆಳೆದ ಕಳಚೂರಿ ಬಿಜ್ಜಳ. ಸ್ವಾರಸ್ಯವೆಂದರೆ, 973ರಲ್ಲಿ ರಾಷ್ಟ್ರಕೂಟರನ್ನು ಉರುಳಿಸಿ ಈ ಚಾಲುಕ್ಯ ಸಾಮ್ರಾಜ್ಯವನ್ನೇ ಎತ್ತಿ ನಿಲ್ಲಿಸಿದ ಎರಡನೆಯ ತೈಲನೂ ಅದೇ ತರ್ದವಾಡಿ-1000ವನ್ನು ಆಳಿಕೊಂಡಿದ್ದವನು. ಆಗ ಬೆಳ್ವೊಲ, ಪುಲಿಗೆರೆ, ಬನವಾಸಿಗಳು ದಕ್ಷಿಣದ ಗಂಗರ ಪಾಲಾಗಿದ್ದವು. 949ರ ತಕ್ಕೋಲ ಯುದ್ಧದ ಗೆಲುವಿಗಾಗಿ ಮೂರನೆಯ ಕೃಷ್ಣ ಅವನ್ನು ಬೂತುಗನಿಗೆ ಕೊಟ್ಟಿದ್ದನ್ನು ಆತಕೂರು ಶಾಸನ ಹೇಳುತ್ತದೆ. ಅಷ್ಟು ದೊಡ್ಡ ಉಂಬಳಿ ಪಡೆದ ಗಂಗರು ರಾಷ್ಟ್ರಕೂಟರಿಗೆ ಎರಡು ಬಗೆಯಲಿಲ್ಲ. ಬೂತುಗನ ಮಗ ಮಾರಸಿಂಹ ಕೊನೆಯವರೆಗೂ ಅವರ ಪರ ನಿಂತ.

ಎರಡನೆಯ ಆಕ್ಷೇಪ ಆಧಾರಗಳದ್ದು. ಶಾಸನಗಳು ದಾನಪತ್ರಗಳು, ಹೊಗಳಿಕೆ ತುಂಬಿದವು, ಅವುಗಳಿಂದ ಆಡಳಿತ ತಿಳಿಯುವುದು ಹೇಗೆ? ಹೊಗಳಿಕೆಯ ಭಾಗವನ್ನು ನಂಬಬೇಕಿಲ್ಲ. ಯಾವ ತೆರಿಗೆ ಮಾಫಿಯಾಯಿತು, ಯಾರ ಒಪ್ಪಿಗೆಯಿಂದ, ಆಗ ನಾಡಿನ ಅಧಿಕಾರಿ ಯಾರು ಎಂಬ ವಿವರಗಳಲ್ಲಿ ಸುಳ್ಳು ಹೇಳಿ ಲಾಭವಿರಲಿಲ್ಲ. ಊರಿನವರೆಲ್ಲ ಓದಿಸಿ ಕೇಳುವ ಕಲ್ಲು ಅದು. ಅರಸ ಎಲ್ಲಿ ಬೀಡುಬಿಟ್ಟಿದ್ದ ಎಂಬುದನ್ನೂ ಅವು ಮರೆಯದೆ ದಾಖಲಿಸುತ್ತವೆ. ಅರಮನೆ ಕಲ್ಯಾಣದಲ್ಲಿದ್ದರೂ ಅರಸ ನೆಲೆವೀಡಿನಿಂದ ನೆಲೆವೀಡಿಗೆ ತಿರುಗುತ್ತಿದ್ದ. ರಾಜಧಾನಿಯಿಂದ ದೂರವೆಂಬ ಆಟದ ಲೆಕ್ಕ ಇಲ್ಲಿ ಪೂರ್ತಿ ಹೊಂದುವುದಿಲ್ಲ, ಯಾಕೆಂದರೆ ರಾಜಧಾನಿಯೇ ಚಲಿಸುತ್ತಿತ್ತು. ಆಟಗಾರನಿಗೆ ಸಾವಿಲ್ಲ, ದಾಯಾದಿಗಳಿಲ್ಲ, ಇಡೀ ನಕ್ಷೆ ಕಣ್ಣೆದುರಿಗಿರುತ್ತದೆ; ಆ ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು.

ಬಿಜ್ಜಳನ ಮಕ್ಕಳ ಕಾಲ ಮುಗಿಯುವ ಹೊತ್ತಿಗೆ, 1183-84ರಲ್ಲಿ, ದಂಡನಾಯಕ ಬ್ರಹ್ಮ ನಾಲ್ಕನೆಯ ಸೋಮೇಶ್ವರನನ್ನು ಮತ್ತೆ ಪಟ್ಟಕ್ಕೆ ತಂದ. ಬ್ರಹ್ಮನ ತಂದೆ ಕಾವಣ ಕಳಚೂರಿಗಳ ಸೇನಾಪತಿಯಾಗಿದ್ದವನು. ಗೆದ್ದ ಕೈಯೂ ಬಗಲಿನದೇ ಎಂಬುದನ್ನು ಗಮನಿಸಬೇಕು. ಮರಳಿ ಬಂದ ಅರಸ ಅಣ್ಣಿಗೇರಿಯಲ್ಲಿ ನೆಲೆಯೂರಿದ. ಹೆಸರಿಗೆ ಏಳೂವರೆ ಲಕ್ಷ, ಕೈಗೆ ನಿಜಕ್ಕೂ ಎಟುಕುವುದು ಮುನ್ನೂರು. ಅದು ಸರಿಯಾದ ಆಯ್ಕೆಯೇ. ನೂರು ವರ್ಷ ಯಾವ ಸಾಮಂತ ಮನೆತನಕ್ಕೂ ಬಿಡದೆ ಉಳಿಸಿಕೊಂಡ ನಾಡಿನಲ್ಲಿ ಅರಸನಿಗೆ ಅನ್ನವೂ ಇತ್ತು, ಎದುರು ನಿಲ್ಲುವ ಒಡೆಯನೂ ಇರಲಿಲ್ಲ. ಆದರೆ ಎರಿ ಹೊಲದ ಜೋಳ ಒಂದು ಅರಮನೆಯನ್ನು ಸಾಕೀತು. ಉತ್ತರದಿಂದ ಸೇವುಣ ಭಿಲ್ಲಮ, ದಕ್ಷಿಣದಿಂದ ಹೊಯ್ಸಳ ವೀರಬಲ್ಲಾಳ ಒಟ್ಟಿಗೇ ಮೇಲೆ ಬಿದ್ದಾಗ ಬೇಕಾಗುವ ಸೈನ್ಯವನ್ನು ಸಾಕಲಾರದು. ಅದಕ್ಕೆ ಬೇಕಿದ್ದದ್ದು ಇಡೀ ದೇಶದ ಸುಂಕ, ಸುತ್ತಲಿನ ಸಾಮಂತರ ದಂಡು. ಅವೆರಡೂ ಕಳಚೂರಿಗಳ ಕಾಲದಲ್ಲಿ ಕೈಬಿಟ್ಟಿದ್ದವು. ಬ್ರಹ್ಮ ಬಲ್ಲಾಳನಿಗೆ ಸೋತ. 1189ರ ನಂತರ ಸೋಮೇಶ್ವರನ ಸುಳಿವು ಇಲ್ಲಿ ಕಾಣುವುದಿಲ್ಲ. ಅವನು ಪಡುವಣಕ್ಕೆ, ಗೋವೆಯ ಕದಂಬರ ಆಸರೆಗೆ ಹೋದನೆಂದು ಇತಿಹಾಸಕಾರರು ಹೇಳುತ್ತಾರೆ. ಗೆದ್ದವರಿಬ್ಬರೂ ಆಮೇಲೆ ಕಾದಾಡಿದ್ದು ಬೆಳ್ವೊಲದ ಸುತ್ತಲೇ, ಸೊರಟೂರಿನಲ್ಲಿ. ಬಲ್ಲಾಳ ಗೆದ್ದು 1192ರಲ್ಲಿ ಲಕ್ಕುಂಡಿಯಲ್ಲಿ ಬೀಡುಬಿಟ್ಟ. ಅವನಿಗೆ ಬಗ್ಗದೆ ನಿಂತವನು ಹಾನಗಲ್ಲಿನ ಕದಂಬ ಕಾಮದೇವ. 1196ರಲ್ಲಿ ಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ, ಪ್ರಾಣ ಕೊಟ್ಟು ಕೋಟೆ ಕಾಯಲು ಕಾಮದೇವನ ಸೇನಾಪತಿ ಸೋಹಣಿ ಇದ್ದ; ಅಷ್ಟು ಹೊತ್ತಿಗೆ ಅವರ ಚಕ್ರವರ್ತಿ ಅಣ್ಣಿಗೇರಿಯಲ್ಲಿರಲಿಲ್ಲ.