ತೆಂಗಿನ ಉತ್ಪನ್ನಗಳು ಮತ್ತು ಸರಕು ಹಾಗೂ ಸೇವಾ ತೆರಿಗೆ ವಿನಾಯಿತಿ

ತೆಂಗಿನ ಉತ್ಪನ್ನಗಳಿಗೆ ಸರಕು ಹಾಗೂ ಸೇವಾ ತೆರಿಗೆಯಿಂದ (ಜಿ.ಎಸ್.ಟಿ.) ನೀಡಲಾಗಿರುವ ವಿನಾಯಿತಿಯು, ದಿನಬಳಕೆಯ ವಸ್ತುಗಳನ್ನು ರಾಷ್ಟ್ರೀಯ ಮಾರಾಟ ತೆರಿಗೆಯಿಂದ ಹೊರಗಿಡಬೇಕೇ ಎಂಬ ವ್ಯಾಪಕ ಚರ್ಚೆಯ ಒಂದು ಭಾಗವಾಗಿದೆ. ಭಾರತದಲ್ಲಿ 2017ರ ಜುಲೈ 1ರಂದು ಜಾರಿಗೆ ಬಂದ ಈ ತೆರಿಗೆಯಲ್ಲಿ ತೆಂಗಿನಕಾಯಿಗೆ ಪೂರ್ಣ ವಿನಾಯಿತಿ ಇದೆ. ಅದೇ ಕಾಯಿಯಿಂದ ದೊರೆಯುವ ಕೊಬ್ಬರಿ ಮತ್ತು ಕೊಬ್ಬರಿ ಎಣ್ಣೆಗೆ ಶೇ. 5ರಷ್ಟು ತೆರಿಗೆ ಇದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತಿನ್ನುವ ಉಂಡೆ ಕೊಬ್ಬರಿಯೇ ಪ್ರಮುಖ ಉತ್ಪನ್ನವಾದುದರಿಂದ, ವಿನಾಯಿತಿಯ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆ ಈ ಪ್ರದೇಶಕ್ಕೆ ನೇರವಾಗಿ ಸಂಬಂಧಿಸಿದೆ.

ಹಿನ್ನೆಲೆ

ಕಲ್ಪತರು ನಾಡು ಎಂದು ಹೆಸರಾದ ತುಮಕೂರು ಜಿಲ್ಲೆಯು ಕರ್ನಾಟಕದ ಪ್ರಮುಖ ತೆಂಗು ಬೆಳೆಯುವ ಜಿಲ್ಲೆಗಳಲ್ಲಿ ಒಂದು. ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯದಿಂದ ಪ್ರಸಿದ್ಧವಾದ ಅರಳಗುಪ್ಪೆಯೂ ತಿಪಟೂರು ತಾಲ್ಲೂಕಿನ ಇದೇ ತೆಂಗಿನ ಸೀಮೆಯಲ್ಲಿದೆ. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯು ದೇಶದ ಪ್ರಮುಖ ಕೊಬ್ಬರಿ ಮಾರುಕಟ್ಟೆಗಳಲ್ಲಿ ಒಂದಾಗಿದೆ.

ಇಲ್ಲಿ ಉಂಡೆ ಕೊಬ್ಬರಿಯನ್ನು ತಯಾರಿಸುವ ಕ್ರಮ ಎಣ್ಣೆಗಾಗಿ ಕೊಬ್ಬರಿ ಮಾಡುವ ಕ್ರಮಕ್ಕಿಂತ ಭಿನ್ನವಾದುದು. ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹಲವು ತಿಂಗಳು, ಸಾಮಾನ್ಯವಾಗಿ ವರ್ಷದ ಸಮೀಪದವರೆಗೂ, ಇಡಲಾಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಬಳಿಕ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಇಡಿಯ ಗಿಟುಕನ್ನು ಹೊರತೆಗೆಯಲಾಗುತ್ತದೆ. ಎಣ್ಣೆ ತೆಗೆಯುವ ಕೊಬ್ಬರಿಯನ್ನಾದರೋ ಕಾಯಿಯನ್ನು ಒಡೆದು, ಹೋಳುಗಳನ್ನು ಬಿಸಿಲಿನಲ್ಲಿ ಅಥವಾ ಶಾಖದಲ್ಲಿ ಒಣಗಿಸಿ ತಯಾರಿಸುತ್ತಾರೆ. ಉಂಡೆ ಕೊಬ್ಬರಿಯ ಬಹುಪಾಲು ಉತ್ತರ ಭಾರತದ ರಾಜ್ಯಗಳಿಗೆ ರವಾನೆಯಾಗಿ, ಅಲ್ಲಿ ಒಣಹಣ್ಣಿನಂತೆ ಹಾಗೂ ಪೂಜೆ, ಶುಭಕಾರ್ಯಗಳಲ್ಲಿ ಬಳಕೆಯಾಗುತ್ತದೆ.

ಕೇಂದ್ರ ಸರ್ಕಾರವು ಕನಿಷ್ಠ ಬೆಂಬಲ ಬೆಲೆಯನ್ನು ನಿಗದಿಪಡಿಸುವಾಗ ಈ ಎರಡನ್ನೂ ಪ್ರತ್ಯೇಕವಾಗಿ ಪರಿಗಣಿಸುತ್ತದೆ. 2025ರ ಹಂಗಾಮಿಗೆ ಕ್ವಿಂಟಲ್ ಒಂದಕ್ಕೆ ಎಣ್ಣೆ ಕೊಬ್ಬರಿಗೆ ₹11,582 ಹಾಗೂ ಉಂಡೆ ಕೊಬ್ಬರಿಗೆ ₹12,100 ನಿಗದಿಯಾಗಿತ್ತು. ತೆರಿಗೆಯ ಪಟ್ಟಿಯಲ್ಲಿ ಮಾತ್ರ ಇಂತಹ ವಿಂಗಡಣೆ ಇಲ್ಲ.

ತೆರಿಗೆಯ ದರಗಳು

2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ದರ ಪರಿಷ್ಕರಣೆಯ ನಂತರ ಪ್ರಮುಖ ತೆಂಗಿನ ಉತ್ಪನ್ನಗಳ ಸ್ಥಿತಿ ಹೀಗಿದೆ:

- ತೆಂಗಿನಕಾಯಿ, ಹಸಿ ಅಥವಾ ಒಣಗಿದ್ದು, ಸುಲಿದದ್ದು ಅಥವಾ ಸುಲಿಯದ್ದು: ವಿನಾಯಿತಿ
- ಪೊಟ್ಟಣ ಕಟ್ಟಿ ಚೀಟಿ ಅಂಟಿಸದ ಎಳನೀರು: ವಿನಾಯಿತಿ
- ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಎಳನೀರು: ಶೇ. 5 (ಹಿಂದೆ ಶೇ. 12)
- ಕೊಬ್ಬರಿ: ಶೇ. 5
- ಒಣ ಕಾಯಿತುರಿ (ಕಾಯಿಪುಡಿ): ಶೇ. 5 (2017ರ ನವೆಂಬರ್‌ವರೆಗೆ ಶೇ. 12)
- ಖಾದ್ಯ ಕೊಬ್ಬರಿ ಎಣ್ಣೆ: ಶೇ. 5
- ತಲೆಗೂದಲಿನ ಎಣ್ಣೆ: ಶೇ. 5 (ಹಿಂದೆ ಶೇ. 18)

ಇದೇ ತೆರಿಗೆಯಲ್ಲಿ ಹಾಲು, ಮೊಟ್ಟೆ, ತಾಜಾ ತರಕಾರಿ, ಉಪ್ಪು, ವೀಳ್ಯದೆಲೆ ಮತ್ತು ಪೊಟ್ಟಣ ಕಟ್ಟದೆ ಮಾರುವ ಧಾನ್ಯಗಳಿಗೂ ವಿನಾಯಿತಿ ಇದೆ. ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಹಿಟ್ಟು, ಬೇಳೆ, ಮೊಸರು, ಮಜ್ಜಿಗೆ, ಮಂಡಕ್ಕಿ ಮೊದಲಾದವುಗಳಿಗೆ 2022ರ ಜುಲೈ 18ರಿಂದ ಶೇ. 5ರಷ್ಟು ತೆರಿಗೆ ವಿಧಿಸಲಾಯಿತು. ಅದಕ್ಕೆ ಮೊದಲು ನೋಂದಾಯಿತ ಬ್ರ್ಯಾಂಡಿನ ಹೆಸರು ವಿನಾಯಿತಿಯ ಮಾನದಂಡವಾಗಿತ್ತು.

ವರ್ಗೀಕರಣದ ವಿವಾದಗಳು

ಯಾವುದೇ ವಸ್ತುವಿಗೆ ವಿನಾಯಿತಿ ನೀಡಿದಾಗ, ಆ ವಸ್ತು ಎಲ್ಲಿ ಮುಗಿದು ಮತ್ತೊಂದು ವಸ್ತು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಕಾನೂನು ನಿರ್ಧರಿಸಬೇಕಾಗುತ್ತದೆ. ತೆಂಗಿನ ವಿಷಯದಲ್ಲಿ ಈ ಪ್ರಶ್ನೆ ಜಿ.ಎಸ್.ಟಿ.ಗಿಂತ ಹಳೆಯದು. 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯು ಕೊಬ್ಬರಿಯನ್ನು ಎಣ್ಣೆಕಾಳುಗಳ ಗುಂಪಿಗೆ ಸೇರಿಸಿ, ಎಳನೀರಿನ ಕಾಯಿಯನ್ನು ಆ ಗುಂಪಿನಿಂದ ಹೊರಗಿಟ್ಟಿತ್ತು. ತಮಿಳುನಾಡಿನ ಪ್ರಕರಣವೊಂದರಲ್ಲಿ, ತಾಜಾ ಹಣ್ಣು ಮತ್ತು ತರಕಾರಿಗಳಿಗಿದ್ದ ವಿನಾಯಿತಿ ತೆಂಗಿನಕಾಯಿಗೂ ಸಲ್ಲಬೇಕೆಂದು ವ್ಯಾಪಾರಿಯೊಬ್ಬರು ವಾದಿಸಿದರು. ಎಳನೀರೂ ಅಲ್ಲದ, ಒಣಗಿಯೂ ಇಲ್ಲದ ಬಲಿತ ಕಾಯಿಯನ್ನು ಜನಸಾಮಾನ್ಯರ ಮಾತಿನಲ್ಲಿ ಹಣ್ಣೆಂದಾಗಲಿ ತರಕಾರಿಯೆಂದಾಗಲಿ ಕರೆಯುವುದಿಲ್ಲ ಎಂಬ ಕಾರಣ ನೀಡಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಆ ವಾದವನ್ನು ತಳ್ಳಿಹಾಕಿತು. ವೀಳ್ಯದೆಲೆ ತರಕಾರಿಯಲ್ಲ ಎಂದು 1961ರಲ್ಲಿ ಅದೇ ನ್ಯಾಯಾಲಯ ಹೇಳಿತ್ತು. ಈ ಎರಡೂ ವಸ್ತುಗಳನ್ನು ಜಿ.ಎಸ್.ಟಿ. ಹೆಸರಿಸಿಯೇ ವಿನಾಯಿತಿ ಪಟ್ಟಿಗೆ ಸೇರಿಸಿದ್ದರಿಂದ ಆ ಹಳೆಯ ವಿವಾದಗಳಿಗೆ ಅವಕಾಶ ಉಳಿಯಲಿಲ್ಲ.

ಆದರೆ ಒಣಗಿದ ತೆಂಗಿನಕಾಯಿ ಮತ್ತು ಕೊಬ್ಬರಿಯ ನಡುವೆ ಹೊಸ ಗೆರೆಯೊಂದು ಮೂಡಿತು. ತೆಂಗಿನಕಾಯಿಯು 0801 ಶೀರ್ಷಿಕೆಯಡಿಯೂ ಕೊಬ್ಬರಿಯು 1203 ಶೀರ್ಷಿಕೆಯಡಿಯೂ ಬರುತ್ತವೆ ಎಂದು ಕೇಂದ್ರ ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿಯು 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಕೊಬ್ಬರಿಯೆಂದರೆ ಸಾಮಾನ್ಯವಾಗಿ ಎಣ್ಣೆ ತೆಗೆಯಲು ಬಳಸುವ, ಮನುಷ್ಯರು ತಿನ್ನಲು ಯೋಗ್ಯವಲ್ಲದ ಒಣ ತಿರುಳು ಎಂಬ ಅಂತರರಾಷ್ಟ್ರೀಯ ವರ್ಗೀಕರಣದ ವಿವರಣೆಯನ್ನು ಸುತ್ತೋಲೆಯು ಆಧರಿಸಿತ್ತು. ತಿಪಟೂರಿನ ಉಂಡೆ ಕೊಬ್ಬರಿಯು ತಿನ್ನಲೆಂದೇ ತಯಾರಾಗುವ ಪದಾರ್ಥವಾದುದರಿಂದ ಅದರ ಹೆಸರು ಈ ವಿವರಣೆಗೆ ಹೊಂದಿದರೂ ಬಳಕೆ ಹೊಂದುವುದಿಲ್ಲ.

ಕೊಬ್ಬರಿ ಎಣ್ಣೆಯ ವಿಷಯದಲ್ಲಿಯೂ ದೀರ್ಘ ವಿವಾದ ನಡೆಯಿತು. ಸಣ್ಣ ಬಾಟಲಿ ಹಾಗೂ ಪೊಟ್ಟಣಗಳಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆಯು ಖಾದ್ಯ ತೈಲವೋ ತಲೆಗೆ ಹಚ್ಚುವ ಎಣ್ಣೆಯೋ ಎಂಬ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು 2018ರಲ್ಲಿ ಭಿನ್ನ ತೀರ್ಪು ನೀಡಿದ್ದರು. 2024ರ ಡಿಸೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠವು, ಪೊಟ್ಟಣದ ಗಾತ್ರ ಚಿಕ್ಕದಾಗಿದೆ ಎಂಬ ಕಾರಣಕ್ಕಷ್ಟೇ ಖಾದ್ಯ ಎಣ್ಣೆಯು ತಲೆಯೆಣ್ಣೆಯಾಗುವುದಿಲ್ಲ ಎಂದು ತೀರ್ಮಾನಿಸಿತು. ಆ ಪ್ರಕರಣ ಅಬಕಾರಿ ಸುಂಕಕ್ಕೆ ಸಂಬಂಧಿಸಿದ್ದರೂ, ಜಿ.ಎಸ್.ಟಿ.ಯೂ ಅದೇ ಶೀರ್ಷಿಕೆಗಳನ್ನು ಬಳಸುವುದರಿಂದ ಅದರ ಪರಿಣಾಮ ವ್ಯಾಪಕವಾಗಿತ್ತು. 2025ರಲ್ಲಿ ಎರಡರ ದರವೂ ಶೇ. 5 ಆದ ಮೇಲೆ ಈ ಭೇದದ ಆರ್ಥಿಕ ಮಹತ್ವ ಕಡಿಮೆಯಾಗಿದೆ.

ವಿನಾಯಿತಿ ಕಾರ್ಯನಿರ್ವಹಿಸುವ ಬಗೆ

ಜಿ.ಎಸ್.ಟಿ.ಯಲ್ಲಿ ಪ್ರತಿ ನೋಂದಾಯಿತ ವ್ಯಾಪಾರಿಯು ತಾನು ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಇದನ್ನು ಹೂಡುವಳಿ ತೆರಿಗೆ ಜಮೆ ಎನ್ನುತ್ತಾರೆ. ಉದಾಹರಣೆಗೆ, ಗಾಣದ ಮಾಲೀಕರೊಬ್ಬರು ₹100 ಬೆಲೆಯ ಕೊಬ್ಬರಿಯನ್ನು ₹5 ತೆರಿಗೆ ಕೊಟ್ಟು ಕೊಂಡು, ಅದರಿಂದ ತೆಗೆದ ಎಣ್ಣೆಯನ್ನು ₹150ಕ್ಕೆ ಮಾರಿದರೆ, ಅದರ ಮೇಲಿನ ತೆರಿಗೆ ₹7.50, ಮೊದಲೇ ಕೊಟ್ಟ ₹5 ಕಳೆದು ಅವರು ಸರ್ಕಾರಕ್ಕೆ ಕಟ್ಟಬೇಕಾದುದು ₹2.50 ಮಾತ್ರ. ಹೀಗಾಗಿ ಎಣ್ಣೆಗೆ ಹೋಗುವ ಕೊಬ್ಬರಿಯ ಮೇಲಿನ ತೆರಿಗೆಯು ಗಾಣದ ಪಾಲಿಗೆ ವೆಚ್ಚವಾಗಿ ಉಳಿಯುವುದಿಲ್ಲ. ತಿನ್ನಲು ಕೊಳ್ಳುವ ಕುಟುಂಬಕ್ಕೆ ಇಂತಹ ಜಮೆ ಇಲ್ಲ. ಉಂಡೆ ಕೊಬ್ಬರಿಯ ಮೇಲಿನ ಶೇ. 5 ನೇರವಾಗಿ ಅದರ ಬೆಲೆಗೆ ಸೇರುತ್ತದೆ. ಒಂದೇ ದರವು ಎರಡು ಬಗೆಯ ಕೊಬ್ಬರಿಯ ಮೇಲೆ ಎರಡು ಬಗೆಯ ಪರಿಣಾಮ ಬೀರುವುದು ಹೀಗೆ.

ವಿನಾಯಿತಿ ಪಡೆದ ವಸ್ತುವಿನ ಮಾರಾಟಗಾರರಿಗೆ ಈ ಜಮೆ ದೊರೆಯುವುದಿಲ್ಲ. ಅವರು ಕೊಂಡ ಚೀಲ, ಯಂತ್ರ ಮತ್ತಿತರ ಸೇವೆಗಳ ಮೇಲಿನ ತೆರಿಗೆ ಬೆಲೆಯೊಳಗೆ ಅಡಗಿ ಮುಂದೆ ಸಾಗುತ್ತದೆ. ಆದ್ದರಿಂದ ವಿನಾಯಿತಿ ಎಂದರೆ ತೆರಿಗೆಯ ಸಂಪೂರ್ಣ ಅಭಾವ ಎಂದರ್ಥವಲ್ಲ. ರಫ್ತಿಗೆ ಅನ್ವಯಿಸುವ ಶೂನ್ಯ ದರ ಪದ್ಧತಿಯಲ್ಲಿ ಮಾತ್ರ ಹಿಂದಿನ ಹಂತದ ತೆರಿಗೆಯೂ ಮರಳಿ ದೊರೆಯುತ್ತದೆ.

ಬೆಳೆಗಾರರು ಜಿ.ಎಸ್.ಟಿ. ನೋಂದಣಿಯಿಂದ ಹೊರಗಿದ್ದಾರೆ. ಭೂಮಿಯ ಸಾಗುವಳಿಯಿಂದ ಬಂದ ಫಸಲನ್ನು ಮಾರುವ ಕೃಷಿಕರು ನೋಂದಾಯಿಸಿಕೊಳ್ಳಬೇಕಿಲ್ಲ; ತೆರಿಗೆಯ ಸರಪಳಿಯು ಅವರಿಂದ ಕೊಂಡ ವ್ಯಾಪಾರಿಯ ಮಾರಾಟದಿಂದ ಆರಂಭವಾಗುತ್ತದೆ. ಆದರೂ ರಸಗೊಬ್ಬರದ ಮೇಲಿನ ಶೇ. 5, ಕೀಟನಾಶಕಗಳ ಮೇಲಿನ ಶೇ. 18ರಂತಹ ತೆರಿಗೆಗಳನ್ನು ಬೆಳೆಗಾರರು ತೆರುತ್ತಾರೆ ಮತ್ತು ಅವನ್ನು ಮರಳಿ ಪಡೆಯುವ ದಾರಿ ಅವರಿಗಿಲ್ಲ.

ವಿನಾಯಿತಿಯ ಪರವಾದ ವಾದಗಳು

ಬಡ ಕುಟುಂಬಗಳು ತಮ್ಮ ಆದಾಯದ ಹೆಚ್ಚಿನ ಪಾಲನ್ನು ಆಹಾರಕ್ಕೆ ವ್ಯಯಿಸುತ್ತವೆ ಎಂಬುದು ಪ್ರಮುಖ ವಾದ. 2023–24ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಭಾರತದ ಗ್ರಾಮೀಣ ಕುಟುಂಬಗಳ ವೆಚ್ಚದಲ್ಲಿ ಆಹಾರದ ಪಾಲು ಸುಮಾರು ಶೇ. 47, ನಗರಗಳಲ್ಲಿ ಸುಮಾರು ಶೇ. 40. ಆಹಾರದ ಮೇಲೆ ತೆರಿಗೆ ಬಿದ್ದರೆ ಅದರ ಭಾರ ಕಡಿಮೆ ಆದಾಯದವರ ಮೇಲೆ ಹೆಚ್ಚು ಬೀಳುತ್ತದೆ.

ಎರಡನೆಯದು ಆಡಳಿತಾತ್ಮಕ ವಾದ. ತರಕಾರಿ, ಎಳನೀರು ಮಾರುವವರಿಂದ ಲೆಕ್ಕಪತ್ರ ಕೇಳಿ ತೆರಿಗೆ ವಸೂಲಿ ಮಾಡುವ ಖರ್ಚು, ಬರುವ ಆದಾಯಕ್ಕೆ ಹೋಲಿಸಿದರೆ ಅಧಿಕ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ಯು.ಪಿ.ಐ. ಪಾವತಿಯ ಮೊತ್ತವನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದಾಗ ಈ ಅಂಶ ಮುನ್ನೆಲೆಗೆ ಬಂದಿತು. ಸರಕುಗಳಿಗೆ ವಾರ್ಷಿಕ ₹40 ಲಕ್ಷ ಎಂಬ ನೋಂದಣಿ ಮಿತಿಯನ್ನು ದಾಟಿದವರಲ್ಲಿ ಹಾಲು, ತರಕಾರಿಯಂತಹ ವಿನಾಯಿತಿ ಪಡೆದ ವಸ್ತುಗಳನ್ನು ಮಾರುವವರೂ ಇದ್ದರು. ಅಂತಹ ವಸ್ತುಗಳ ಮೇಲೆ ತೆರಿಗೆ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳ ಸಭೆಯ ಬಳಿಕ ಸ್ಪಷ್ಟಪಡಿಸಿದರು.

ವಿನಾಯಿತಿಯ ವಿರುದ್ಧವಾದ ವಾದಗಳು

ವಿನಾಯಿತಿಯು ಬಡವರಿಗೆ ಮಾತ್ರ ತಲುಪುವುದಿಲ್ಲ ಎಂಬುದು ವಿರೋಧಿಗಳ ಮುಖ್ಯ ಆಕ್ಷೇಪ. ಶ್ರೀಮಂತರು ಹೆಚ್ಚು ಬೆಲೆಯ ಮತ್ತು ಹೆಚ್ಚು ಪ್ರಮಾಣದ ವಸ್ತುಗಳನ್ನು ಕೊಳ್ಳುವುದರಿಂದ, ರೂಪಾಯಿಯ ಲೆಕ್ಕದಲ್ಲಿ ಹೆಚ್ಚಿನ ಉಳಿತಾಯ ಅವರದೇ ಆಗುತ್ತದೆ. ಸರ್ಕಾರ ಕಳೆದುಕೊಂಡ ಆದಾಯವನ್ನು ಇತರ ವಸ್ತುಗಳ ದರ ಏರಿಸಿ ತುಂಬಿಕೊಳ್ಳಬೇಕಾಗುತ್ತದೆ. ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ್ ಸುಬ್ರಮಣಿಯನ್ ಅವರ ಅಧ್ಯಕ್ಷತೆಯ ಸಮಿತಿಯು 2015ರ ಡಿಸೆಂಬರ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ, ಆದಾಯ ಕುಸಿಯದಂತೆ ಕಾಯುವ ಸರಾಸರಿ ದರ ಶೇ. 15ರಿಂದ 15.5 ಎಂದು ಅಂದಾಜಿಸಿ, ವಿನಾಯಿತಿಗಳನ್ನು ಮಿತಗೊಳಿಸಲು ಸಲಹೆ ನೀಡಿತ್ತು.

ವಿನಾಯಿತಿಯು ಸಂಸ್ಕರಣೆಯನ್ನು ನಿರುತ್ತೇಜಿಸಬಹುದು ಎಂಬ ಆಕ್ಷೇಪವೂ ಇದೆ. ಇಡಿಯ ಕಾಯಿಗೆ ತೆರಿಗೆ ಇಲ್ಲ; ಅದನ್ನು ಕೊಬ್ಬರಿ, ಕಾಯಿಪುಡಿ ಅಥವಾ ಬಾಟಲಿಯ ಎಳನೀರನ್ನಾಗಿ ಮಾಡಿದೊಡನೆ ತೆರಿಗೆ ಬೀಳುತ್ತದೆ. ಬೆಳೆಯ ಮೌಲ್ಯ ಹೆಚ್ಚಿಸುವ ಕೆಲಸ ಊರಿನಲ್ಲಿಯೇ ನಡೆಯಬೇಕೆಂಬ ಆಶಯಕ್ಕೆ ಇದು ಪೂರಕವಲ್ಲ ಎಂದು ಟೀಕಿಸಲಾಗುತ್ತದೆ. ಉಂಡೆ ಕೊಬ್ಬರಿಯನ್ನು ವಿನಾಯಿತಿಗೆ ಸೇರಿಸಿದರೂ ಸಮಸ್ಯೆ ಪೂರ್ಣವಾಗಿ ಬಗೆಹರಿಯುವುದಿಲ್ಲ. ತಿನ್ನುವ ಕೊಬ್ಬರಿ ಮತ್ತು ಎಣ್ಣೆ ಕೊಬ್ಬರಿಯನ್ನು ಪ್ರತಿ ಚೀಲದಲ್ಲಿಯೂ ಗುರುತಿಸುವ ಹೊಸ ಗೆರೆ ಬೇಕಾಗುತ್ತದೆ.

ಇತರ ದೇಶಗಳಲ್ಲಿ

ನ್ಯೂಜಿಲೆಂಡ್ 1986ರಲ್ಲಿ ಜಾರಿಗೆ ತಂದ ಇದೇ ಬಗೆಯ ತೆರಿಗೆಯು ಆಹಾರವನ್ನೂ ಒಳಗೊಂಡಿದೆ. ಅಲ್ಲಿ ದರ ಶೇ. 15. ಆಸ್ಟ್ರೇಲಿಯಾ 2000ನೇ ಇಸವಿಯಲ್ಲಿ ತೆರಿಗೆ ಆರಂಭಿಸಿದಾಗ ಮೂಲ ಆಹಾರ ಪದಾರ್ಥಗಳನ್ನು ಹೊರಗಿಟ್ಟಿತು. ಬ್ರಿಟನ್ನಿನಲ್ಲಿ ಬಹುತೇಕ ಆಹಾರಕ್ಕೆ ಶೂನ್ಯ ದರವಿದ್ದರೂ ಚಾಕೊಲೇಟು ಲೇಪಿತ ಬಿಸ್ಕತ್ತಿಗೆ ಪೂರ್ಣ ತೆರಿಗೆ ಇದೆ. ಜಾಫಾ ಕೇಕ್ ಎಂಬ ತಿನಿಸು ಬಿಸ್ಕತ್ತಲ್ಲ, ಕೇಕ್ ಎಂದು 1991ರಲ್ಲಿ ಅಲ್ಲಿನ ನ್ಯಾಯಮಂಡಳಿ ತೀರ್ಮಾನಿಸಬೇಕಾಯಿತು. ಸಿಂಗಪುರವು ಆಹಾರಕ್ಕೂ ತೆರಿಗೆ ವಿಧಿಸಿ, ಕಡಿಮೆ ಆದಾಯದ ಕುಟುಂಬಗಳಿಗೆ ನಗದು ಹಾಗೂ ಇತರ ರೂಪದ ಪರಿಹಾರ ನೀಡುತ್ತದೆ.

ನಿರ್ಧಾರದ ಅಧಿಕಾರ

ವಿನಾಯಿತಿಗಳನ್ನು ಸಂವಿಧಾನದ 279ಎ ವಿಧಿಯಡಿ ರಚಿತವಾದ ಜಿ.ಎಸ್.ಟಿ. ಮಂಡಳಿಯು ಶಿಫಾರಸು ಮಾಡುತ್ತದೆ. ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು ಭಾಗ, ಎಲ್ಲ ರಾಜ್ಯಗಳ ಮತಗಳಿಗೆ ಒಟ್ಟಾಗಿ ಮೂರನೆಯ ಎರಡು ಭಾಗ ತೂಕವಿದ್ದು, ತೀರ್ಮಾನಕ್ಕೆ ನಾಲ್ಕನೆಯ ಮೂರು ಭಾಗದ ಬಹುಮತ ಬೇಕು. 2017ಕ್ಕೆ ಮೊದಲು ಕರ್ನಾಟಕವು ತನ್ನ ಮೌಲ್ಯವರ್ಧಿತ ತೆರಿಗೆ ಕಾಯ್ದೆಯ ಮೊದಲ ಅನುಸೂಚಿಯನ್ನು ತಾನೇ ತಿದ್ದಿ ವಸ್ತುವೊಂದಕ್ಕೆ ವಿನಾಯಿತಿ ಕೊಡಬಹುದಾಗಿತ್ತು. ಈಗ ತೆಂಗು ಬೆಳೆಯುವ ರಾಜ್ಯಗಳು ಉಂಡೆ ಕೊಬ್ಬರಿಗೆ ಪ್ರತ್ಯೇಕ ಸ್ಥಾನ ಬಯಸಿದರೆ, ತೆಂಗು ಬೆಳೆಯದ ರಾಜ್ಯಗಳ ಮತ್ತು ಕೇಂದ್ರದ ಒಪ್ಪಿಗೆಯನ್ನೂ ಪಡೆಯಬೇಕಾಗುತ್ತದೆ.