ಕೊರೆಯದೆ ಕಟ್ಟಿದ ಹಲ್ಲು

ಎಂಟು ವರ್ಷದ ಹುಡುಗನೊಬ್ಬ ಸೈಕಲ್‌ನಿಂದ ಬಿದ್ದು ಮೇಲಿನ ಬಾಚಿಹಲ್ಲಿನ ಮೂಲೆ ಮುರಿದುಕೊಂಡರೆ, ಇಂದು ದಂತವೈದ್ಯರಿಗೆ ಅದು ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಮುರಿದ ಅಂಚಿಗೆ ಬಣ್ಣದ ಜೆಲ್ ಒಂದನ್ನು ಹಚ್ಚಿ ಅರ್ಧ ನಿಮಿಷ ಬಿಡುತ್ತಾರೆ, ತೊಳೆದು ಒಣಗಿಸುತ್ತಾರೆ. ಹಲ್ಲಿನದೇ ಬಣ್ಣದ ರಾಳವನ್ನು ಪದರಪದರವಾಗಿ ಕೂರಿಸಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತಾರೆ. ಆಮೇಲೆ ಉಜ್ಜಿ ಹೊಳಪು ಕೊಟ್ಟರೆ ಮುಗಿಯಿತು. ಪೆಟ್ಟು ಆಳಕ್ಕೆ ಇಳಿಯದಿದ್ದರೆ ಮರಗಟ್ಟಿಸುವ ಸೂಜಿಯೂ ಬೇಕಾಗುವುದಿಲ್ಲ.

ಎಪ್ಪತ್ತು ವರ್ಷಗಳ ಹಿಂದೆ ಇದೇ ಹುಡುಗನಿಗೆ ಇದ್ದ ದಾರಿಗಳಲ್ಲಿ ಯಾವುದೂ ಒಳ್ಳೆಯದಾಗಿರಲಿಲ್ಲ. ಮುರಿದ ಅಂಚನ್ನು ಅರೆದು ನುಣುಪು ಮಾಡಿ ಹಾಗೆಯೇ ಬಿಡಬಹುದಿತ್ತು, ಇಲ್ಲವೆ ಕಣ್ಣಿಗೆ ಹೊಡೆಯುವ ಲೋಹದ ಕ್ಯಾಪ್ ತೊಡಿಸಬಹುದಿತ್ತು. ಪಿಂಗಾಣಿ ಕ್ಯಾಪ್ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿತ್ತು. ಮಕ್ಕಳ ಬಾಚಿಹಲ್ಲಿನಲ್ಲಿ ರಕ್ತನಾಳ ಮತ್ತು ನರಗಳಿರುವ ತಿರುಳು ದೊಡ್ಡದಾಗಿರುತ್ತದೆ, ಎಂಟರ ವಯಸ್ಸಿಗೆ ಬೇರು ಕೂಡ ಪೂರ್ತಿ ಬೆಳೆದಿರುವುದಿಲ್ಲ. ಕ್ಯಾಪಿಗಾಗಿ ಹಲ್ಲನ್ನು ಸುತ್ತಲೂ ಅರೆಯಲು ಹೋದರೆ ತಿರುಳಿಗೇ ಪೆಟ್ಟು. ಹಾಗಾಗಿ ಎಷ್ಟೋ ಮಕ್ಕಳು ಬಾಯಿ ಮುಚ್ಚಿಕೊಂಡು ನಗುವುದನ್ನು ಕಲಿತು ದೊಡ್ಡವರಾದರು.

ತೊಂದರೆಯ ಮೂಲ ಒಂದೇ: ಹಲ್ಲಿಗೆ ಏನೂ ಅಂಟುತ್ತಿರಲಿಲ್ಲ. ಹಲ್ಲಿನ ಹೊರಕವಚವಾದ ಎನಾಮಲ್ ತೂಕದಲ್ಲಿ ಸುಮಾರು 96 ಪಾಲು ಖನಿಜ. ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಅದರ ಮೇಲ್ಮೈ ನುಣುಪು, ಸದಾ ಒದ್ದೆ, ಮೇಲೆ ಎಂಜಲಿನ ತೆಳು ಪೊರೆ ಬೇರೆ. ಆದ್ದರಿಂದ ತುಂಬಿದ ವಸ್ತು ನಿಲ್ಲಬೇಕಾದರೆ ಹಲ್ಲಿನೊಳಗೆ ಗೂಡು ಕೊರೆಯಲೇಬೇಕಿತ್ತು. ಬಾಯಿ ಕಿರಿದಾಗಿ ಒಳಗೆ ಅಗಲವಾಗುವಂಥ ಗೂಡು ಮಾಡಿದರೆ ತುಂಬಿದ್ದು ಕಳಚಿ ಬೀಳುವುದಿಲ್ಲ. ಷಿಕಾಗೋದ ಗ್ರೀನ್ ವಾರ್ಡಿಮನ್ ಬ್ಲ್ಯಾಕ್ 1908ರಲ್ಲಿ ಪ್ರಕಟಿಸಿದ ಗ್ರಂಥ ಈ ಕೊರೆಯುವ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟಿತು. ಮುಂದೆ ಹುಳುಕು ಹರಡದಂತೆ ಪಕ್ಕದ ಗಟ್ಟಿ ಭಾಗವನ್ನೂ ಸೇರಿಸಿ ಕೊರೆಯಬೇಕೆಂಬುದು ಆ ಶಾಸ್ತ್ರದ ಒಂದು ನಿಯಮ. ಆಗಿನ ವಸ್ತುಗಳ ಮಟ್ಟಿಗೆ ಅದು ತಪ್ಪೂ ಆಗಿರಲಿಲ್ಲ.

ದಪ್ಪನೆಯ ದವಡೆಹಲ್ಲು ಇದನ್ನೆಲ್ಲ ತಡೆದುಕೊಂಡೀತು. ತೆಳುವಾದ, ಎಲ್ಲರ ಕಣ್ಣಿಗೆ ಬೀಳುವ ಬಾಚಿಹಲ್ಲಿನ ಕಥೆ ಹಾಗಲ್ಲ. 19ನೇ ಶತಮಾನದ ಕೊನೆಯಲ್ಲಿ ಡೆಟ್ರಾಯಿಟ್‌ನ ಚಾರ್ಲ್ಸ್ ಲ್ಯಾಂಡ್ ಎಂಬ ದಂತವೈದ್ಯರು ಪಿಂಗಾಣಿಯ ಕ್ಯಾಪ್‌ಗೆ ದಾರಿ ಮಾಡಿದರು. ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ ವಿಮಾನದಲ್ಲಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಇವರ ಮಗಳ ಮಗ. ಆ ಕ್ಯಾಪ್ ನೋಡಲು ಚೆಂದವಾಗಿದ್ದರೂ ಅದಕ್ಕಾಗಿ ಹಲ್ಲನ್ನು ಮೊಳೆಯಷ್ಟಾಗುವಂತೆ ಅರೆಯಬೇಕಿತ್ತು. 20ನೇ ಶತಮಾನದ ಆರಂಭದಲ್ಲಿ ಬಂದ ಸಿಲಿಕೇಟ್ ಸಿಮೆಂಟಿಗೆ ಹಲ್ಲಿನ ಬಣ್ಣವಿತ್ತು, ಆದರೆ ಕೆಲವು ವರ್ಷಗಳಲ್ಲೇ ಎಂಜಲಿಗೆ ಕರಗಿ ಕಪ್ಪಿಡುತ್ತಿತ್ತು. 1940ರ ದಶಕದ ಅಕ್ರಿಲಿಕ್ ಗಟ್ಟಿಯಾಗುವಾಗ ಕುಗ್ಗಿ, ಅಂಚಿನಲ್ಲಿ ಸಂದು ಬಿಟ್ಟು, ಅಲ್ಲಿಂದ ಒಳಗೆ ಹುಳುಕು ಹತ್ತಿಸುತ್ತಿತ್ತು.

ಕೊರೆಯದೆ ಹಲ್ಲನ್ನು ಚೆಂದ ಮಾಡುವ ಆಸೆ ಮೊದಲು ಕೈಗೂಡಿದ್ದು ಹಾಲಿವುಡ್‌ನಲ್ಲಿ, ಅದೂ ಕೆಲವು ಗಂಟೆಗಳ ಮಟ್ಟಿಗೆ. ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು 1930ರ ದಶಕದಲ್ಲಿ ನಟನಟಿಯರ ಹಲ್ಲಿನ ಮುಂಭಾಗಕ್ಕೆ ತೆಳುವಾದ ಹೊದಿಕೆಗಳನ್ನು ಮಾಡಿಕೊಟ್ಟರು. ಹಲ್ಲುಸೆಟ್ಟು ಜಾರದಂತೆ ಹಾಕುವ ಅಂಟುಪುಡಿಯಿಂದ ಅವನ್ನು ಕೂರಿಸುತ್ತಿದ್ದರು. ಬಾಲನಟಿ ಶರ್ಲಿ ಟೆಂಪಲ್‌ಗೆ ಹಾಲುಹಲ್ಲು ಬಿದ್ದಾಗ ತೆರೆಯ ಮೇಲೆ ಕಿಂಡಿ ಕಾಣದಿದ್ದದ್ದು ಇಂಥ ಉಪಾಯದಿಂದಲೇ. ಊಟಕ್ಕೆ ಕೂರುವ ಮುಂಚೆ ಹೊದಿಕೆಗಳನ್ನು ತೆಗೆದಿಡಬೇಕಿತ್ತು. ಕ್ಯಾಮೆರಾದ ಮುಂದೆ ನಡೆಯುವ ಈ ಉಪಾಯ ಬದುಕಿಗೆ ಸಾಲುತ್ತಿರಲಿಲ್ಲ, ಅಂಟು ಸಿಕ್ಕಿರಲಿಲ್ಲ.

ಅಂಟಿನ ಸುಳಿವು ಸಿಕ್ಕಿದ್ದು ದಂತವೈದ್ಯದ ಹೊರಗೆ, ಬಣ್ಣ ಬಳಿಯುವ ಕಾರ್ಖಾನೆಗಳಲ್ಲಿ. ಲೋಹಕ್ಕೆ ಬಣ್ಣವೋ ರಾಳದ ಲೇಪವೋ ಚೆನ್ನಾಗಿ ಹಿಡಿಯಲೆಂದು ಅಲ್ಲಿ ಮೊದಲು ಫಾಸ್ಫಾರಿಕ್ ಆಮ್ಲ ಹಚ್ಚುತ್ತಿದ್ದರು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ, ಕೊಡಾಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ ಅವರ ಹಣದಿಂದ ನಡೆದುಬಂದಿದ್ದ ದಂತಚಿಕಿತ್ಸಾಲಯದಲ್ಲಿ ಸಂಶೋಧಕರಾಗಿದ್ದ ಮೈಕೇಲ್ ಬುವೊನೊಕೋರ್ ಅವರಿಗೆ ಒಂದು ಯೋಚನೆ ಬಂತು. ಲೋಹಕ್ಕೆ ಆಗುವುದು ಹಲ್ಲಿಗೇಕೆ ಆಗಬಾರದು? ಅವರು ಶೇಕಡಾ 85ರ ಫಾಸ್ಫಾರಿಕ್ ಆಮ್ಲವನ್ನು 30 ಸೆಕೆಂಡು ಎನಾಮಲ್ ಮೇಲಿಟ್ಟು, ತೊಳೆದು ಒಣಗಿಸಿ, ಮೇಲೆ ಅಕ್ರಿಲಿಕ್‌ನ ಹನಿ ಇಟ್ಟರು. ಆಮ್ಲ ಸೋಕದ ಹಲ್ಲಿನ ಮೇಲಿಟ್ಟ ಹನಿಗಳು ಕೆಲವೇ ಗಂಟೆಗಳಲ್ಲಿ ಉದುರಿದವು, ಆಮ್ಲ ಸೋಕಿದ ಹಲ್ಲಿನ ಮೇಲಿನವು ವಾರಗಟ್ಟಲೆ ಕೂತವು. ಈ ಚಿಕ್ಕ ಪ್ರಬಂಧ 1955ರಲ್ಲಿ 'ಜರ್ನಲ್ ಆಫ್ ಡೆಂಟಲ್ ರಿಸರ್ಚ್' ಪತ್ರಿಕೆಯಲ್ಲಿ ಬಂತು.

ಅಲ್ಲಿ ನಡೆದದ್ದು ಇಷ್ಟು. ಎನಾಮಲ್ ಎಂದರೆ ಲಕ್ಷಾಂತರ ಸಣ್ಣ ಖನಿಜದ ಕಂಬಿಗಳ ಕಟ್ಟು. ಆಮ್ಲ ಈ ಕಂಬಿಗಳನ್ನು ಎಲ್ಲ ಕಡೆ ಒಂದೇ ಸಮನಾಗಿ ಕರಗಿಸದೆ, ಕಣ್ಣಿಗೆ ಕಾಣದ ಕೋಟ್ಯಂತರ ಕುಳಿಗಳನ್ನು ಮಾಡುತ್ತದೆ. ನೀರಿನಂತಿರುವ ರಾಳ ಆ ಕುಳಿಗಳೊಳಗೆ ಇಳಿದು ಗಟ್ಟಿಯಾಗಿ ಬೇರುಬಿಟ್ಟಂತೆ ನಿಲ್ಲುತ್ತದೆ. ಬ್ಲ್ಯಾಕ್ ಅವರ ಒಂದು ದೊಡ್ಡ ಗೂಡಿನ ಬದಲಿಗೆ ಕೂದಲೆಳೆಗಿಂತ ಸಣ್ಣ ಗೂಡುಗಳು. ತತ್ವ ಅದೇ, ಹೋಗುವ ಹಲ್ಲಿನ ಪ್ರಮಾಣ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ವೃತ್ತಿಯವರು ಇದನ್ನು ತಕ್ಷಣ ಒಪ್ಪಲಿಲ್ಲ. ಬಾಯಿಯಲ್ಲಿ ಹುಟ್ಟುವ ಆಮ್ಲವೇ ಹುಳುಕಿಗೆ ಕಾರಣ ಎಂದು ಕಲಿತವರಿಗೆ, ಬೇಕೆಂದೇ ಹಲ್ಲಿಗೆ ಆಮ್ಲ ಹಚ್ಚುವುದು ಹುಚ್ಚಾಟವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಇನ್ನೊಂದು ಕೊರತೆಯೂ ಇತ್ತು. ಅಂಟಿಸುವ ದಾರಿ ಸಿಕ್ಕಿತ್ತು, ಅಂಟಿಸಲು ಯೋಗ್ಯವಾದ ವಸ್ತು ಇರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಗಾದೆಯಂತೆ.

ಆ ಕಡಲೆಯನ್ನು ಒದಗಿಸಿದವರು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ರಾಫೆಲ್ ಬೋವೆನ್. 1962ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕ 'ಬಿಸ್-ಜಿಎಂಎ' ಎಂಬ ರಾಳದ ಅಣು ದೊಡ್ಡದಾದ್ದರಿಂದ ಗಟ್ಟಿಯಾಗುವಾಗ ಅಕ್ರಿಲಿಕ್‌ಗಿಂತ ಕಡಿಮೆ ಕುಗ್ಗುತ್ತಿತ್ತು. ಅದಕ್ಕೆ ಗಾಜಿನ ಜಾತಿಯ ಸಿಲಿಕಾ ಪುಡಿ ಬೆರೆಸಿ, ಪುಡಿ ಮತ್ತು ರಾಳ ಒಂದನ್ನೊಂದು ಬಿಡದಂತೆ ಸಿಲೇನ್ ಲೇಪ ಕೊಟ್ಟರು. ಇಂದು ಕ್ಲಿನಿಕ್‌ಗಳಲ್ಲಿ ಕಾಂಪೊಸಿಟ್ ಎನ್ನುವುದು ಇದರ ವಂಶದ್ದೇ.

ಮೊದಮೊದಲು ಎರಡು ಪೇಸ್ಟುಗಳನ್ನು ಕಲಸಿದ ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗುತ್ತಿತ್ತು, ಹಲ್ಲಿನ ಆಕಾರ ತಿದ್ದಲು ವೇಳೆ ಸಿಗುತ್ತಿರಲಿಲ್ಲ. 1970ರ ದಶಕದಲ್ಲಿ ಮೊದಲು ನೇರಳಾತೀತ ಕಿರಣ, ಆಮೇಲೆ ಕಣ್ಣಿಗೆ ಕಾಣುವ ನೀಲಿ ಬೆಳಕು ಬಂದು ಆ ತೊಡಕು ಹೋಯಿತು. ಬೆಳಕು ಬಿಡುವವರೆಗೆ ರಾಳ ಮೆತ್ತಗೇ ಇರುತ್ತದೆ, ಬೇಕಾದಂತೆ ತೀಡಬಹುದು. ಮುರಿದ ಬಾಚಿಹಲ್ಲುಗಳನ್ನು ಈ ವಿಧಾನದಲ್ಲಿ ಕಟ್ಟಿದ ವರದಿಗಳು ಆ ದಶಕದ ಮೊದಲಲ್ಲೇ ಬಂದವು. ದಶಕ ಮುಗಿಯುವುದರೊಳಗೆ ಮುರಿದ ಚೂರನ್ನೇ ತಂದವರಿಗೆ ಅದನ್ನೇ ಮರಳಿ ಅಂಟಿಸಿಕೊಡುವುದೂ ಸಾಧ್ಯವಾಯಿತು. ಹುಟ್ಟಿನಿಂದಲೇ ಮೊಳೆಯಂತೆ ಚೂಪಾಗಿ ಬಂದ ಪಕ್ಕದ ಬಾಚಿಹಲ್ಲಿಗೆ ಮೈ ತುಂಬುವುದು, ಮುಂದಿನೆರಡು ಹಲ್ಲಿನ ನಡುವಿನ ಸಂದು ಮುಚ್ಚುವುದು ಕೂಡ ಇದೇ ಕೈಚಳಕದ ಕೆಲಸಗಳಾದವು.

ಪಿಂಕಸ್ ಅವರ ತೆಳು ಹೊದಿಕೆಗೂ ಕೊನೆಗೆ ನೆಲೆ ಸಿಕ್ಕಿತು. 1980ರ ದಶಕದ ಆರಂಭದಲ್ಲಿ ಸೈಮನ್ಸನ್ ಮತ್ತು ಕಲಾಮಿಯ ಎಂಬ ಸಂಶೋಧಕರು ಪಿಂಗಾಣಿಯ ಒಳಮೈಯನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಒರಟು ಮಾಡಿದರೆ ರಾಳ ಅದನ್ನೂ ಬಿಗಿಯಾಗಿ ಹಿಡಿಯುತ್ತದೆಂದು ತೋರಿಸಿದರು. ಅತ್ತ ಪಿಂಗಾಣಿ, ಇತ್ತ ಎನಾಮಲ್, ನಡುವೆ ರಾಳ. ಶೂಟಿಂಗ್ ಮುಗಿದ ಮೇಲೆ ತೆಗೆದಿಡುತ್ತಿದ್ದ ಹೊದಿಕೆ ವರ್ಷಗಟ್ಟಲೆ ನಿಲ್ಲುವ ವೆನೀರ್ ಆಯಿತು.

ಈ ಇತಿಹಾಸ ಈಗಲೂ ಲೆಕ್ಕಕ್ಕೆ ಬರುತ್ತದೆ. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೆ ಮುಗಿದುಹೋಗಿರುತ್ತವೆ. ಒಮ್ಮೆ ಅರೆದದ್ದು ಮತ್ತೆ ಬೆಳೆಯುವುದಿಲ್ಲ. ಬಾಚಿಹಲ್ಲುಗಳ ಮೇಲೆ 2002ರಲ್ಲಿ ಪ್ರಕಟವಾದ ಒಂದು ಅಳತೆಯ ಪ್ರಕಾರ, ಪಿಂಗಾಣಿ ವೆನೀರ್‌ಗೆ ಹಲ್ಲಿನ ಕಾಣುವ ಭಾಗದ ಶೇಕಡಾ 3ರಿಂದ 30ರಷ್ಟು ಹೋದರೆ, ಪೂರ್ತಿ ಕ್ಯಾಪ್‌ಗೆ ಶೇಕಡಾ 63ರಿಂದ 72ರಷ್ಟು ಹೋಗುತ್ತದೆ. ರಾಳ ಸೇರಿಸಿ ಕಟ್ಟುವಾಗ ಎಷ್ಟೋ ಸಲ ಅಂಚು ತುಸು ಒರೆಸಿದರೆ ಸಾಕು.

ರಾಳಕ್ಕೂ ಮಿತಿಗಳಿವೆ. ಕಾಫಿ, ಚಹಾ, ಎಲೆ-ಅಡಿಕೆಯ ಕಲೆ ಅದಕ್ಕೆ ಬೇಗ ಹತ್ತುತ್ತದೆ, ಅಂಚು ಚಕ್ಕೆ ಏಳಬಹುದು, ಕೆಲವು ವರ್ಷಗಳಿಗೊಮ್ಮೆ ತಿದ್ದಬೇಕಾಗುತ್ತದೆ. ರಾತ್ರಿ ಹಲ್ಲು ಕಡಿಯುವವರಲ್ಲಿ ಬಾಳಿಕೆ ಇನ್ನೂ ಕಡಿಮೆ. ತಿರುಳಿಗೆ ಪೆಟ್ಟು ಬಿದ್ದು, ಹಲ್ಲಿನ ಹೆಚ್ಚು ಭಾಗ ಹೋಗಿದ್ದರೆ ಕ್ಯಾಪೇ ಸರಿಯಾದ ದಾರಿ ಇರಬಹುದು. ಆದರೆ ರಾಳ ಕೆಟ್ಟರೆ ಅದನ್ನು ತೆಗೆದು ಮತ್ತೆ ಕಟ್ಟಬಹುದು, ಅಡಿಯಲ್ಲಿ ಹಲ್ಲು ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಕ್ಯಾಪ್ ಕೆಟ್ಟರೆ ಅಡಿಯಲ್ಲಿ ಉಳಿದಿರುವುದು ಅರೆದ ಮೊಳೆ.

ನಗುವನ್ನು ಒಂದೇ ವಾರದಲ್ಲಿ ಬದಲಿಸಿಕೊಡುವ ಜಾಹೀರಾತುಗಳು ಇಂದು ಎಲ್ಲ ದೊಡ್ಡ ನಗರಗಳಲ್ಲೂ ಕಾಣುತ್ತವೆ. ಅಂಥ ಕುರ್ಚಿಯಲ್ಲಿ ಕೂರುವ ಮುಂಚೆ ಕೇಳಬೇಕಾದದ್ದು ಎರಡೇ ಮಾತು: ಇದಕ್ಕಾಗಿ ನನ್ನ ಹಲ್ಲು ಎಷ್ಟು ಹೋಗುತ್ತದೆ? ಮುಂದೆ ಇದು ಕೆಟ್ಟರೆ ಏನು ಉಳಿದಿರುತ್ತದೆ? 1955ಕ್ಕೆ ಮುಂಚೆ ಆ ಪ್ರಶ್ನೆ ಕೇಳಿದರೂ ವೈದ್ಯರ ಬಳಿ ಕೊರೆಯದ ಉತ್ತರ ಇರಲಿಲ್ಲ. ಈಗ ಅನೇಕ ಸಲ ಇರುತ್ತದೆ.