ಗಾಳಕ್ಕೆ ಕಟ್ಟುವ ಗರಿ, ಗರಿಯನ್ನು ಬಿಗಿಯುವ ನೂಲು

ಗಾಳಕ್ಕೆ ಎರೆಹುಳು ಚುಚ್ಚಿ ಕೆರೆಯ ತೂಬಿನ ಬಳಿ ಕಾಯುವುದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಹುಡುಗರಿಗೆ ಹೊಸತಲ್ಲ. ಎರೆಹುಳುವಿನ ಬದಲು ಗರಿ, ಕೂದಲು, ನೂಲುಗಳನ್ನು ಕೊಕ್ಕೆಗೆ ಸುತ್ತಿ, ಹುಳುವಿನಂತೆಯೋ ಮರಿಮೀನಿನಂತೆಯೋ ಕಾಣುವ ಕೃತಕ ಎರೆಯನ್ನು ತಯಾರಿಸುವ ಕಸುಬೂ ಒಂದಿದೆ. ಹೀಗೆ ಕಟ್ಟಿದ್ದು ಹಗುರವಾಗಿದ್ದರೆ ಅದಕ್ಕೆ ‘ಫ್ಲೈ’ ಎಂದೂ, ಕೊಕ್ಕೆಯ ಕತ್ತಿನಲ್ಲಿ ಸೀಸದ ಗುಂಡನ್ನು ಎರಕ ಹೊಯ್ದು ಮುಳುಗುವಂತೆ ಮಾಡಿದ್ದರೆ ‘ಜಿಗ್’ ಎಂದೂ ಹೆಸರು. ಜಿಗ್ ಕಟ್ಟಲು ತೊಡಗುವವನಿಗೆ ಬೇಕಾದ ಸಾಮಗ್ರಿಗಳು ಹೆಚ್ಚಿಲ್ಲ. ಕೊಕ್ಕೆ, ಸೀಸ, ಗರಿ, ನೂಲು, ಸ್ವಲ್ಪ ಮೇಣ, ಕೊನೆಗೆ ಹಚ್ಚಲು ವಾರ್ನಿಷ್. ಸಲಕರಣೆಗಳೆಂದರೆ ಕೊಕ್ಕೆಯನ್ನು ಕಚ್ಚಿ ಹಿಡಿಯುವ ಪುಟ್ಟ ವೈಸ್, ನೂಲಿನ ಉರುಳೆಯನ್ನು ಹಿಡಿಯುವ ಬಾಬಿನ್, ಒಂದು ಚೂಪಾದ ಕತ್ತರಿ. ವೈಸ್ ಬರುವ ಮೊದಲು ನುರಿತವರು ಕೊಕ್ಕೆಯನ್ನು ಎಡಗೈ ಬೆರಳುಗಳಲ್ಲೇ ಹಿಡಿದು ಕಟ್ಟುತ್ತಿದ್ದರು.

ಈ ಚಿಕ್ಕ ಪಟ್ಟಿಯ ಹಿಂದೆ ದೊಡ್ಡ ಚರಿತ್ರೆಯಿದೆ. ಅದರ ಒಂದು ಎಳೆ ದಕ್ಷಿಣ ಭಾರತದ ಕಾಡಿಗೂ ಇನ್ನೊಂದು ರೇಷ್ಮೆ ಹುಳುವಿಗೂ ಸೇರುತ್ತದೆ.

ನಮ್ಮಲ್ಲಿ ಈ ಹವ್ಯಾಸವನ್ನು ಬರಹಕ್ಕೆ ಇಳಿಸಿದವರು ಬ್ರಿಟಿಷ್ ಅಧಿಕಾರಿಗಳು. ಅವರಲ್ಲಿ ಮುಖ್ಯರಾದ ಹೆನ್ರಿ ಸಲಿವನ್ ಥಾಮಸ್ ಮದ್ರಾಸ್ ಸಿವಿಲ್ ಸರ್ವಿಸಿಗೆ ಸೇರಿದವರು, ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದವರು. ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನದಿಯಿಲ್ಲದ ಬಯಲು ಸೀಮೆಯವರಿಗೆ ಅದಕ್ಕಿಂತ ಹತ್ತಿರದ್ದು ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತ ಅವರ 1887ರ ಪುಸ್ತಕ, ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’. ಆ ಕಾಲದಲ್ಲಿ ಒಳ್ಳೆಯ ಕೊಕ್ಕೆಗಳು ಇಂಗ್ಲೆಂಡಿನ ರೆಡಿಚ್ ಪಟ್ಟಣದಿಂದ ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದವು. ಗರಿಗಳು ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದವು.

ಹೋಗುತ್ತಿದ್ದ ಗರಿಗಳಲ್ಲಿ ಅತ್ಯಂತ ಬೇಡಿಕೆಯದು ಬೂದು ಕಾಡುಕೋಳಿಯದು. ವೈಜ್ಞಾನಿಕ ಹೆಸರು ಗ್ಯಾಲಸ್ ಸೊನರಾಟಿ. ಇದು ಭಾರತಕ್ಕೆ, ಅದರಲ್ಲೂ ಮುಖ್ಯವಾಗಿ ದಕ್ಷಿಣ ಭಾರತಕ್ಕೆ ಸೀಮಿತವಾದ ಹಕ್ಕಿ. ಹುಂಜದ ಕುತ್ತಿಗೆಯ ಗರಿಗಳಲ್ಲಿ ನಡುದಂಟು ಅಲ್ಲಲ್ಲಿ ಚಪ್ಪಟೆಯಾಗಿ ಹರಡಿ, ಅರಗು ಹಚ್ಚಿದಂತೆ ಗಟ್ಟಿಯಾಗಿ ಹೊಳೆಯುವ ಬಿಳಿ ಹಾಗೂ ಹಳದಿ ಚುಕ್ಕೆಗಳಾಗಿರುತ್ತದೆ. ನೀರಿನಲ್ಲಿ ನೆನೆದರೂ ಈ ಚುಕ್ಕೆ ಮಂಕಾಗುವುದಿಲ್ಲ. ಕೃತಕ ಎರೆಯ ಎರಡೂ ಬದಿಗೆ ಒಂದೊಂದು ಕಟ್ಟಿದರೆ ಮರಿಮೀನಿನ ಕಣ್ಣೇ ಸರಿ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಸಾಲ್ಮನ್ ಮೀನಿಗಾಗಿ ಕಟ್ಟುತ್ತಿದ್ದ ಫ್ಲೈಗಳಿಗೆ ಈ ಗರಿ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ. ಒಂದು ಜೊತೆ ಕಣ್ಣಿಗೆ ಎರಡೇ ಗರಿ ಸಾಕು, ಆದರೆ ವ್ಯಾಪಾರಕ್ಕೆ ಬರುತ್ತಿದ್ದುದು ಇಡೀ ಕುತ್ತಿಗೆಯ ಚರ್ಮ. ಎಂದರೆ ಒಂದೊಂದು ಚರ್ಮಕ್ಕೂ ಒಂದೊಂದು ಹುಂಜ ಸಾಯಬೇಕು.

ಹೆಂಗಸರ ಟೋಪಿಗೆ ಗರಿ ಸಿಕ್ಕಿಸುವ ಯೂರೋಪಿನ ಷೋಕಿ ಹಕ್ಕಿಗಳಿಗೆ ಇನ್ನೂ ದೊಡ್ಡ ಗಂಡಾಂತರವಾಗಿತ್ತು. ಭಾರತ ಸರ್ಕಾರ 1902ರಲ್ಲಿ ಹಕ್ಕಿಗಳ ಚರ್ಮ ಹಾಗೂ ಗರಿಗಳ ರಫ್ತನ್ನು ನಿಷೇಧಿಸಿತು. ಬ್ರಿಟನ್ನು ಗರಿಗಳ ಆಮದಿಗೆ ಕಾನೂನಿನ ತಡೆ ಹಾಕಿದ್ದು 1921ರಲ್ಲಿ, ಎಂದರೆ 19 ವರ್ಷ ತಡವಾಗಿ. ಕೊಳ್ಳುವ ಬಾಗಿಲು ತೆರೆದಿಟ್ಟು ಮಾರುವ ಬಾಗಿಲನ್ನು ಮಾತ್ರ ಮುಚ್ಚಿದರೆ ಕಳ್ಳಸಾಗಣೆಗೆ ಅದೇ ದಾರಿ. ಸ್ವತಂತ್ರ ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರದು. ಅದರ ಪ್ರಕಾರ ಕಾಡುಕೋಳಿಯನ್ನು ಬೇಟೆಯಾಡುವಂತಿಲ್ಲ, ಅದರ ಗರಿಯನ್ನು ಮಾರುವಂತೆಯೂ ಇಲ್ಲ. ಜಿಗ್ ಕಟ್ಟಲು ತೊಡಗುವವರು ಇದನ್ನು ಮೊದಲೇ ತಿಳಿದಿರಬೇಕು. ಹಳೆಯ ಇಂಗ್ಲಿಷ್ ಪುಸ್ತಕಗಳ ಸಾಮಗ್ರಿ ಪಟ್ಟಿಯಲ್ಲಿ ಈ ಗರಿ ಇಂದಿಗೂ ಇದೆ.

ಅದರ ಜಾಗಕ್ಕೆ ಬಂದದ್ದು ನಾಟಿ ಹುಂಜದ ಕುತ್ತಿಗೆ ಗರಿ. ಚುಕ್ಕೆಯ ಬದಲು ಜಿಗ್‌ನ ತಲೆಯ ಮೇಲೆ ಬಣ್ಣದಲ್ಲಿ ಕಣ್ಣು ಬರೆದರಾಯಿತು. ಇಲ್ಲೊಂದು ಸ್ವಾರಸ್ಯವಿದೆ. ಊರುಕೋಳಿಯ ಮೂಲ ಕೆಂಪು ಕಾಡುಕೋಳಿಯೆಂಬುದು ಡಾರ್ವಿನ್ನನ ಕಾಲದಿಂದಲೂ ನಂಬಿಕೆ. ಆದರೆ 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು, ಊರುಕೋಳಿಯ ಹಳದಿ ಚರ್ಮಕ್ಕೆ ಕಾರಣವಾದ ಜೀನ್ ಬಂದದ್ದು ಬಹುತೇಕ ಬೂದು ಕಾಡುಕೋಳಿಯಿಂದ ಎಂದು ತೋರಿಸಿತು. ಹಳದಿ ಕಾಲಿನ ಹುಂಜದ ಗರಿ ಕಟ್ಟಿದವನು ಬೂದು ಕಾಡುಕೋಳಿಯನ್ನು ಪೂರ್ತಿ ಬಿಟ್ಟಂತಾಗಲಿಲ್ಲ!

ಇನ್ನು ನೂಲು. ಶಿಡ್ಲಘಟ್ಟದ ಓದುಗರಿಗೆ ಹೆಚ್ಚು ಹತ್ತಿರವಾಗುವ ಭಾಗ ಇದು.

ಮೀನಿಗೆ ಕಾಣದಷ್ಟು ಸಪೂರವೂ, ಎಳೆತಕ್ಕೆ ತುಂಡಾಗದಷ್ಟು ಗಟ್ಟಿಯೂ ಆದ ಎಳೆಯೊಂದು ಕೊಕ್ಕೆಗೂ ಗಾಳದ ದಾರಕ್ಕೂ ನಡುವೆ ಇರಬೇಕು. ಯೂರೋಪಿನಲ್ಲಿ ಮೊದಲು ಕುದುರೆಯ ಬಾಲದ ಕೂದಲನ್ನು ಬಳಸುತ್ತಿದ್ದರು. 18ನೇ ಶತಮಾನದಲ್ಲಿ ಅದರ ಜಾಗಕ್ಕೆ ‘ಗಟ್’ ಎಂಬ ಎಳೆ ಬಂತು. ಗಟ್ ಎಂದರೆ ಕರುಳು. ಆದರೆ ಇದು ಕರುಳಲ್ಲ, ರೇಷ್ಮೆ ಹುಳುವಿನ ರೇಷ್ಮೆ ಗ್ರಂಥಿ. ಇದರ ತಯಾರಿಕೆಗೆ ಹೆಸರಾದದ್ದು ಸ್ಪೇನಿನ ಮುರ್ಸಿಯಾ ಪ್ರಾಂತ. ಐದನೇ ಹಂತ ಮುಗಿಸಿ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ಬದಲು ಅವರು ವಿನಿಗರ್‌ನಲ್ಲಿ ನೆನೆಹಾಕುತ್ತಿದ್ದರು. ಕೆಲವು ಗಂಟೆಗಳ ಬಳಿಕ ಹುಳುವನ್ನು ಮುರಿದು, ಒಳಗಿನ ಎರಡು ಗ್ರಂಥಿಗಳನ್ನು ತೆಗೆದು, ಒಂದೊಂದನ್ನೂ ಎರಡು ಕೈಗಳಿಂದ ಎಳೆದು ಒಣಗಿಸುತ್ತಿದ್ದರು. ಒಂದು ಹುಳುವಿಗೆ ಎರಡು ಎಳೆ. ಒಂದೊಂದರ ಉದ್ದ ಒಂದು ಮೊಳ ಬಂದರೆ ಹೆಚ್ಚು.

ವಿನಿಗರ್ ಏಕೆ? ಗ್ರಂಥಿಯೊಳಗೆ ಫೈಬ್ರೋಯಿನ್ ಎಂಬ ಪ್ರೋಟೀನು ಗಟ್ಟಿ ಪಾಕದ ರೂಪದಲ್ಲಿರುತ್ತದೆ. ಗ್ರಂಥಿಯ ಹಿಂಭಾಗದಿಂದ ಬಾಯಿಯ ಕಡೆಗೆ ಬಂದಂತೆ ಆಮ್ಲೀಯತೆ ಹೆಚ್ಚಿ, ಪಾಕ ನೂಲಾಗಲು ಸಿದ್ಧವಾಗುತ್ತದೆ. ಹುಳು ನೂಲನ್ನು ಒತ್ತಿ ಹೊರಹಾಕುವುದಕ್ಕಿಂತ, ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಎಳೆದು ತೆಗೆಯುತ್ತದೆ. ಈ ಎಳೆತದಿಂದ ಅಣುಸರಪಳಿಗಳು ಒಂದರ ಪಕ್ಕ ಒಂದು ಸಾಲಾಗಿ ಕೂತು ಜಲಜನಕ ಬಂಧಗಳಿಂದ ಬಿಗಿಯುತ್ತವೆ. ಮುರ್ಸಿಯಾದ ಕೆಲಸಗಾರರು ಆಮ್ಲವನ್ನು ಹೊರಗಿನಿಂದ ಕೊಟ್ಟರು, ಎಳೆತವನ್ನು ಕೈಯಿಂದ ಕೊಟ್ಟರು. ಪ್ರೋಟೀನು ರಸಾಯನಶಾಸ್ತ್ರ ಹುಟ್ಟುವ ಮೊದಲೇ ಅವರು ಹುಳುವಿನ ತಂತ್ರವನ್ನು ನಕಲು ಮಾಡಿದ್ದರು ಎನ್ನಬಹುದು.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಗೂಡಿನ ಎಳೆ ಸುಮಾರು 2.5 ಡೆನಿಯರ್, ಉದ್ದ 1000 ಮೀಟರ್ ಎಂದುಕೊಳ್ಳೋಣ. 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬುದೇ ಡೆನಿಯರ್. ಆದ್ದರಿಂದ ಒಂದು ಗೂಡಿನ ನೂಲಿನ ತೂಕ ಸುಮಾರು 0.28 ಗ್ರಾಂ. ಗಟ್ ಎಳೆಯ ದಪ್ಪ 0.4 ಮಿ.ಮೀ., ಉದ್ದ 40 ಸೆಂ.ಮೀ., ಸಾಂದ್ರತೆ 1.3 ಎಂದಿಟ್ಟರೆ ಒಂದು ಎಳೆಗೆ 0.065 ಗ್ರಾಂ, ಎರಡಕ್ಕೆ 0.13 ಗ್ರಾಂ. ಎಂದರೆ ಒಂದು ಕಿಲೋಮೀಟರ್ ನೂಲಾಗಬಹುದಾಗಿದ್ದ ರೇಷ್ಮೆಯಲ್ಲಿ ಅರ್ಧದಷ್ಟು ಮಾತ್ರ ಎರಡು ಮೊಳದ ಗಟ್ ಆಗುತ್ತದೆ. ಉಳಿದದ್ದು ಸರಿಯಾಗಿ ಹಿಗ್ಗದ ತುದಿಗಳಲ್ಲಿ ನಷ್ಟ. ಇದೇ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ. ಶುದ್ಧ ಮೈಸೂರು ತಳಿಯ ಗೂಡಿನಲ್ಲಿರುವ ರೇಷ್ಮೆ ಇಂದಿನ ದ್ವಿತಳಿ ಗೂಡಿನ ಮೂರನೇ ಒಂದು ಭಾಗದಷ್ಟೇ. ಆ ಹುಳುವಿನಿಂದ ಎಳೆದಿದ್ದರೆ ಅದೇ ಉದ್ದಕ್ಕೆ ದಪ್ಪ 0.23 ಮಿ.ಮೀ. ಆಸುಪಾಸಿಗೆ ಇಳಿಯುತ್ತಿತ್ತು. ದೊಡ್ಡ ಮೀನು ಅದನ್ನು ಸುಲಭವಾಗಿ ಕಡಿದುಕೊಂಡು ಹೋಗುತ್ತಿತ್ತು.

ಗಟ್‌ನ ಕಷ್ಟಗಳು ಹಲವು. ಒಣಗಿದರೆ ಕಡ್ಡಿಯಂತೆ ಮುರಿಯುತ್ತದೆ. ಆದ್ದರಿಂದ ಗಂಟು ಹಾಕುವ ಮೊದಲು ನೀರಿನಲ್ಲಿ ನೆನೆಸಲೇಬೇಕು. ನೀರಿನ ಅಣುಗಳು ಸರಪಳಿಗಳ ನಡುವೆ ನುಸುಳಿ ಅವು ಜಾರಲು ಎಡೆ ಮಾಡಿಕೊಡುತ್ತವೆ. ಎಳೆ ಗಿಡ್ಡವಾದ್ದರಿಂದ ಹಲವನ್ನು ಗಂಟು ಹಾಕಿ ಉದ್ದ ಮಾಡಬೇಕು. ಸಪೂರವಾಗಬೇಕಾದರೆ ಲೋಹದ ತಗಡಿನ ಸಣ್ಣ ತೂತುಗಳಲ್ಲಿ ಒಂದಾದ ಮೇಲೊಂದರಂತೆ ಎಳೆಯಬೇಕು. ಅದಕ್ಕೆ ಕೊಟ್ಟಿದ್ದ ‘ಎಕ್ಸ್’ ಸಂಖ್ಯೆಗಳು ಇಂದು ನೈಲಾನ್ ಎಳೆಯ ಡಬ್ಬಿಯ ಮೇಲೂ ಇವೆ. ಒಂದೊಂದು ಎಕ್ಸ್ ಏರಿದಂತೆ ಎಳೆ ಇಂಚಿನ ಸಾವಿರದ ಒಂದು ಭಾಗ ತೆಳ್ಳಗಾಗುತ್ತದೆ.

ಗಟ್‌ಗೆ ಕೊನೆ ತಂದದ್ದು ಕಾನೂನಲ್ಲ, ರಸಾಯನಶಾಲೆ. ಅಮೆರಿಕದ ಡ್ಯುಪಾಂಟ್ ಕಂಪೆನಿಯಲ್ಲಿ ವಾಲೇಸ್ ಕ್ಯಾರದರ್ಸ್ ತಂಡ 1935ರಲ್ಲಿ ನೈಲಾನ್ ತಯಾರಿಸಿತು, 1938ರಲ್ಲಿ ಅದು ಜನರ ಮುಂದೆ ಬಂತು. ರೇಷ್ಮೆಯಂತೆ ಇದರಲ್ಲೂ ಇರುವುದು ಅಮೈಡ್ ಬಂಧ. ಬೇಕಾದಷ್ಟು ಉದ್ದ, ಎಲ್ಲ ಕಡೆ ಒಂದೇ ದಪ್ಪ, ನೆನೆಸುವ ಗೋಜಿಲ್ಲ. ಕೆಲವು ದಶಕಗಳಲ್ಲಿ ಮುರ್ಸಿಯಾದ ಕಸುಬು ಮುಗಿಯಿತು. ಶಸ್ತ್ರಚಿಕಿತ್ಸೆಯ ಹೊಲಿಗೆಗೂ ಬಳಕೆಯಲ್ಲಿದ್ದ ರೇಷ್ಮೆ ಗಟ್ ಅಲ್ಲಿಂದಲೂ ಮರೆಯಾಯಿತು.

ಸೀಸದ ಕಥೆ ಬೇರೆ. ಅದಕ್ಕಿಂತ ಅಗ್ಗವಾದದ್ದು, ಸುಲಭವಾಗಿ ಎರಕ ಹೊಯ್ಯಬಹುದಾದದ್ದು ಇಂದಿಗೂ ಸಿಕ್ಕಿಲ್ಲ. ಸಾಂದ್ರತೆ 11.3, ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಜಿಗ್‌ನಲ್ಲಿ ಕೊಕ್ಕೆಯ ಕಣ್ಣು ಸೀಸದ ತಲೆಯ ಮೇಲ್ಭಾಗದಲ್ಲಿರುತ್ತದೆ, ಭಾರ ಅದರ ಕೆಳಗೆ. ಆದ್ದರಿಂದ ಎಳೆಯುವಾಗ ಕೊಕ್ಕೆಯ ಮೊನೆ ಮೇಲ್ಮುಖವಾಗಿ, ತಳದ ಕಸಕಡ್ಡಿಗೆ ಸಿಕ್ಕುವುದು ಕಡಿಮೆ. ಜಾಲಿಯ ಬೊಡ್ಡೆಗಳಿರುವ ನಮ್ಮ ಕೆರೆಯಂಗಳಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಆದರೂ ಕಳೆದುಹೋಗುವ ಜಿಗ್‌ಗಳು ಇದ್ದೇ ಇರುತ್ತವೆ. ಬಾತು, ಹಂಸಗಳು ಆಹಾರ ಅರೆಯಲು ಕಲ್ಲಿನ ಹರಳು ನುಂಗುವಾಗ ಸೀಸದ ತುಣುಕನ್ನೂ ನುಂಗುತ್ತವೆ. ಅರೆಯುವ ಜಠರದಲ್ಲಿ ಅದು ಸವೆದು ರಕ್ತ ಸೇರುತ್ತದೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸಾಯುತ್ತಿರುವುದು ಖಚಿತವಾದ ಮೇಲೆ, ಗಾಳಕ್ಕೆ ಕಟ್ಟುವ ಬಹುತೇಕ ಸೀಸದ ತೂಕಗಳ ಮಾರಾಟವನ್ನು 1987ರಲ್ಲಿ ನಿಷೇಧಿಸಲಾಯಿತು.

ಹಳೆಯ ಬ್ಯಾಟರಿ ಒಡೆದು ಮನೆಯ ಒಲೆಯ ಮೇಲೆ ಸೀಸ ಕರಗಿಸುವುದನ್ನು ಯಾವ ಶಿಕ್ಷಕರೂ ಪ್ರೋತ್ಸಾಹಿಸಬಾರದು. ಸೀಸದ ಧೂಳಿನಿಂದ ಹೆಚ್ಚು ಹಾನಿ ಮಕ್ಕಳ ಮಿದುಳಿಗೆ. 58 ಪಾಲು ಬಿಸ್ಮತ್, 42 ಪಾಲು ತವರ ಸೇರಿದ ಮಿಶ್ರಲೋಹ 138 ಡಿಗ್ರಿಗೇ ಕರಗುತ್ತದೆ. ಸಾಂದ್ರತೆ ಸುಮಾರು 8.6, ಆದ್ದರಿಂದ ಅದೇ ತೂಕಕ್ಕೆ ಗುಂಡು ಸ್ವಲ್ಪ ದೊಡ್ಡದಾಗುತ್ತದೆ, ಬೆಲೆಯೂ ಹೆಚ್ಚು. ಟಂಗ್‌ಸ್ಟನ್ ಸೀಸಕ್ಕಿಂತ ಭಾರ, ಆದರೆ ಅದನ್ನು ಮನೆಯಲ್ಲಿ ಕರಗಿಸುವ ಮಾತೇ ಇಲ್ಲ. ಮಣಿಗಳ ರೂಪದಲ್ಲಿ ಕೊಂಡು ಕೊಕ್ಕೆಗೆ ಪೋಣಿಸಬೇಕು.

ಗರಿ ಬಿಗಿಯುವ ನೂಲೂ ಹಿಂದೆ ಮೇಣ ಸವರಿದ ರೇಷ್ಮೆಯೇ. ಈಗ ನೈಲಾನ್ ಅಥವಾ ಪಾಲಿಯೆಸ್ಟರ್. ಆದರೆ ಉರುಳೆಯ ಮೇಲೆ ಅಚ್ಚಾಗಿರುವ 70, 140, 210 ಎಂಬ ಅಂಕಿಗಳು ಡೆನಿಯರ್‌ಗಳೇ. ಶಿಡ್ಲಘಟ್ಟದ ರೀಲರ್‌ಗಳು 20/22 ಎನ್ನುವಾಗ ಹೇಳುವ ಅದೇ ಅಳತೆ. ಚಿಕ್ಕ ಜಿಗ್‌ಗೆ 70, ದಪ್ಪ ಕೂದಲು ಬಿಗಿಯಲು 210 ಸಾಕು. ರೇಷ್ಮೆ ಡೆನಿಯರ್‌ಗೆ ಸುಮಾರು 4 ಗ್ರಾಂ ಭಾರ ತಡೆಯುತ್ತದೆ. ಹಾಗಾದರೆ 20/22ರ ಏಳು ಎಳೆ ಕೂಡಿಸಿ ಹುರಿ ಮಾಡಿದರೆ ಸುಮಾರು 147 ಡೆನಿಯರ್‌ನ, ಅರ್ಧ ಕಿಲೋಗ್ರಾಂಗೂ ಮೇಲೆ ತಡೆಯುವ ನೂಲಾಗುತ್ತದೆ. ಒದ್ದೆಯಾದಾಗ ಅದು ಎಷ್ಟು ಕುಗ್ಗುತ್ತದೆ ಎಂಬುದನ್ನು ಶಾಲೆಯ ಸ್ಪ್ರಿಂಗ್ ತಕ್ಕಡಿಯಲ್ಲೇ ತೂಗಿ ನೋಡಬಹುದು.